ಹುಲಿಕೆರೆಯ ಅರ್ಧ ಹೊಲ

ಮೇ 17, 1999

ಮತ್ತೆ ಕುಕ್ಕರಿನ ಗ್ಯಾಸ್ಕೆಟ್ ಹೋಯಿತು. ಲ್ಯಾಬ್ ಬಂದ್. ಲ್ಯಾಬ್ ಎಂದರೆ ಅರಸೀಕೆರೆಯ ಹಳೆಯ ಕೊಬ್ಬರಿ ಗೋಡೌನಿನ ಒಂದು ಮೂಲೆ. ಮದುವೆ ಮನೆಯಲ್ಲಿ ಅನ್ನ ಮಾಡುವಂಥ ದೊಡ್ಡ ಕುಕ್ಕರೇ ಕ್ರಿಮಿ ಕೊಲ್ಲುವ ನಮ್ಮ ಆಟೋಕ್ಲೇವ್. ಅದರಲ್ಲಿ ಗೋಧಿ ಬೂಸಾ ಬೇಯಿಸಿ, ಆರಿಸಿ, ಟ್ರೈಕೋಡರ್ಮಾ ಬೆಳೆಸಬೇಕು. ಒಳ್ಳೆಯ ಬೂಷ್ಟು ಅದು. ಬೀಜಕ್ಕೆ ಅಂಟಿಸಿ ಬಿತ್ತಿದರೆ, ಬೇರು ಕೊಳೆಸುವ ಕೆಟ್ಟ ಬೂಷ್ಟನ್ನು ತಿಂದು ಹಾಕುತ್ತದೆ. ಇಷ್ಟನ್ನು ಅಪ್ಪನಿಗೆ ಅರ್ಥ ಮಾಡಿಸಲು ನನ್ನಿಂದ ಆಗಿಲ್ಲ. "ನಮ್ ಲಾವಣ್ಯ ಎಂಎಸ್ಸಿ ಓದಿ ಬೂಸಾ ಬೇಯಿಸ್ತಾ ಕೂತವ್ಳೆ" ಎಂದು ನಮ್ಮೂರು ಕಣಕಟ್ಟೆ ತುಂಬ ಹೇಳಿಕೊಂಡು ಓಡಾಡುತ್ತಾರಂತೆ.

ಗ್ಯಾಸ್ಕೆಟ್ ತರಲು ಹೋದ ಲೋಕೇಶ್ ಜೀಪಿನ ಹಿಂದೆ ಕಾಂಕ್ರೀಟ್ ಮಿಕ್ಸರ್ ಕಟ್ಟಿಕೊಂಡು ಬಂದ! ನಮ್ಮ ಡ್ರೈವರ್, ಮೆಕ್ಯಾನಿಕ್, ಸ್ಟೋರ್ ಕೀಪರ್ ಎಲ್ಲ ಅವನೇ. "ಕಂಟ್ರಾಕ್ಟರು ಗುಜರಿಗೆ ಹಾಕ್ತಿದ್ದ ಮೇಡಂ. ತೊಳೆದ್ರೆ ಬೀಜ ತಿರುಗಿಸೋ ಡ್ರಮ್ ರೆಡಿ." ಕಂಪನಿ ಯಜಮಾನರಾದ ಶಶಿಕಿರಣ್ ಸರ್ ಅದಕ್ಕೊಂದು ಪ್ರದಕ್ಷಿಣೆ ಹಾಕಿ, ತಟ್ಟಿ ನೋಡಿ, "ಇದೇ ನಮ್ಮ ಪ್ಲಾಂಟ್" ಎಂದರು. ನಗಬೇಕೋ ಅಳಬೇಕೋ... ಗ್ಯಾಸ್ಕೆಟ್ ಮಾತ್ರ ಮರೆತು ಬಂದಿದ್ದ.

ಮೇ 23

ಡ್ರಮ್ ತಿರುಗಿತು!! ಕಡಲೆಕಾಯಿ ಬೀಜ, ಬೆಲ್ಲದ ತೆಳು ಪಾಕ, ಬೂಷ್ಟಿನ ಪುಡಿ, ಕೊನೆಗೆ ಕೆಂಪು ಬಣ್ಣ — ಬಿತ್ತನೆಯದು, ತಿನ್ನಬಾರದು ಎಂದು ಎಲ್ಲರಿಗೂ ತಿಳಿಯಲಿ ಅಂತ. ಹೊರಗೆ ಸುರಿದರೆ ಎಲ್ಲ ಕಾಳಿಗೂ ಒಂದೇ ಬಣ್ಣ, ಒಂದೇ ಹೊಳಪು. ಕೈಯಲ್ಲಿ ಕಲಸಿದ್ದರೆ ದಿನವಿಡೀ ಹಿಡಿಯುತ್ತಿತ್ತು. ಇಲ್ಲಿ ಲೋಕೇಶನ ರೇಡಿಯೋದಲ್ಲಿ ವರ್ಲ್ಡ್ ಕಪ್ಪಿನ ಒಂದೆರಡು ಓವರ್ ಮುಗಿಯುವಷ್ಟರಲ್ಲಿ ಆಯಿತು. ಒಂದೇ ತೊಂದರೆ — ಬೆಲ್ಲದ ವಾಸನೆಗೆ ಊರಿನ ಇರುವೆಯೆಲ್ಲ ನಮ್ಮಲ್ಲೇ.

ಸಂಜೆ ಷಡಕ್ಷರಪ್ಪನವರು ಬಂದರು. ಸರ್ ಅವರ ತಂದೆ, ಕೊಬ್ಬರಿ ವ್ಯಾಪಾರಿ, ಗೋಡೌನು ಅವರದೇ. ಒಂದು ಕಾಳು ಬೆಳಕಿಗೆ ಹಿಡಿದು ನೋಡಿದರು. "ಚೆನ್ನಾಗೈತೆ. ನೋಡಪ್ಪಾ ಶಶಿ, ಮುಂದಿನ ವರ್ಷದ ಮುಂಗಾರಿನವರೆಗೂ ಗೋಡೌನ್ ಬಿಟ್ಕೊಟ್ಟಿರ್ತೀನಿ. ಆಗ್ಲಿಲ್ವೋ, ಕೊಬ್ಬರಿ ತುಂಬ್ತೀನಿ. ಬೇಜಾರು ಮಾಡ್ಕೋಬಾರ್ದು." ಮಗ ತಲೆ ಆಡಿಸಿದರು. ಕಾಳು ಹಿಡಿದ ಬೆರಳು ಕೆಂಪಾಗಿದ್ದು ನೋಡಿ ಷಡಕ್ಷರಪ್ಪನವರು ಪಂಚೆಗೆ ಒರೆಸಿಕೊಂಡರು. ಪಂಚೆಯೂ ಕೆಂಪಾಯಿತು.

ಜೂನ್ 11

ಬೇಲೂರಿನಲ್ಲಿ ಬೀಜ–ಗೊಬ್ಬರದ ಅಂಗಡಿ ಹೊನ್ನಯ್ಯ ನಮ್ಮ ಪ್ಯಾಕೆಟ್ ಮುಟ್ಟಲೂ ಇಲ್ಲ. "ಅರಸೀಕೆರೆಯಿಂದ ಕೊಬ್ಬರಿ ತನ್ನಿ, ಮಾರ್ಕೊಡ್ತೀನಿ. ಬಣ್ಣ ಹಾಕಿದ ಬೀಜ ಯಾರು ಕೇಳ್ತಾರೆ ಕಣಮ್ಮ?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಗೆ ಬರುವಾಗ ಕಣ್ಣು ಉರಿಯಿತು. ಬಿಸಿಲಿಗೇ ಅಂದುಕೊಂಡೆ.

ಹಳೇಬೀಡಿನಲ್ಲಿ ಇಳಿದು ಹುಲಿಕೆರೆಗೆ ಹೋದೆ. ಕೊಳದ ಹತ್ತಿರದ ಮನೆಯ ಜಗಲಿ ಮೇಲೆ ಒಬ್ಬ ಹೆಂಗಸು ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಿದ್ದರು. ಕೆಂಪಲಕ್ಷ್ಮಮ್ಮ. ಗಂಡ ಇಲ್ಲ, ಬೇಸಾಯವೆಲ್ಲ ಇವರದೇ. ನಾನೂ ಕೂತು ಸುಲಿಯುತ್ತಲೇ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ —

"ಅರ್ಧ ಹೊಲಕ್ಕೆ ನಿನ್ ಬೀಜ, ಅರ್ಧಕ್ಕೆ ನನ್ ಬೀಜ. ಯಾವುದು ಚೆಂದಾಗಿ ಹುಟ್ತದೋ ನೋಡೇ ಬಿಡಣ. ಆದ್ರೆ ಹುಟ್ಲಿಲ್ಲ ಅಂದ್ರೆ ಮಳೆ ಮೇಲೆ ಹಾಕ್ಬಾರ್ದು. ಅಂಗಡಿಯೋರೆಲ್ಲ ಅದೇ ಹೇಳ್ತಾರೆ."

"ಇಲ್ಲಮ್ಮ. ಹಾಕಲ್ಲ."

ಮೊದಲ ಹೊಲ! ಕುಣಿದುಕೊಂಡೇ ಬಂದೆ. ಅವರನ್ನು ನೋಡಿ ಅಕ್ಕಪಕ್ಕದ ಇನ್ನೂ ಕೆಲವರು ಒಪ್ಪಿದ್ದಾರೆ.

ಜೂನ್ 26

ಬಿತ್ತನೆ ಮುಗಿಯಿತು. ಒಳ್ಳೇ ಹದ. ನಡುವೆ ಹಗ್ಗ ಕಟ್ಟಿ, ಎಡಕ್ಕೆ ಅವರದು, ಬಲಕ್ಕೆ ನಮ್ಮದು. ಸಾಲಿನಲ್ಲಿ ನಮ್ಮ ಕೆಂಪು ಕಾಳು ಬೀಳುವುದನ್ನು ನೋಡಿ ಊಟ ಮರೆತೆ. ಸರ್ ಕ್ಯಾಮೆರಾ ತಂದಿದ್ದರು. ರೀಲ್ ಹಾಕಿರಲಿಲ್ಲ!

ಜುಲೈ 7

ಏನು ಬರೆಯಲಿ.

ಎಡಗಡೆ ಹಸಿರು. ಬಲಗಡೆ ಹಲ್ಲು ಉದುರಿದ ಬಾಯಿ. ಅಲ್ಲೊಂದು ಇಲ್ಲೊಂದು ಗಿಡ. ಕೆಂಪಲಕ್ಷ್ಮಮ್ಮ ಬೈಯಲಿಲ್ಲ, ಅದೇ ಕಷ್ಟ. ಪಕ್ಕದ ಹೊಲದ ಕೆಂಚಪ್ಪ ಮಾತ್ರ ಕೇಳಿಸುವಂತೆ ಅಂದ, "ಬಣ್ಣ ಚೆಂದಾಗಿತ್ತು ಬಿಡವ್ವ."

ಹುಟ್ಟದ ಕಾಳುಗಳನ್ನು ಕೆದಕಿ ತೆಗೆದುಕೊಂಡು ಬಂದೆ. ಎಲ್ಲ ಕೊಳೆತಿವೆ. ನಮ್ಮ ಬೂಷ್ಟು ಇರುವಾಗ ಕೊಳೆತದ್ದು ಹೇಗೆ??

ಜುಲೈ 8

ಸಿಕ್ಕಿತು. ಗೋಡೌನಿನಲ್ಲಿ ಉಳಿದಿದ್ದ ಕೆಂಪು ಕಾಳನ್ನು ನಲ್ಲಿಯ ಕೆಳಗೆ ತೊಳೆದೆ. ಬಣ್ಣ ಹೋದ ಮೇಲೆ ಕಂಡದ್ದು — ಸಿಪ್ಪೆ ಕಿತ್ತ ಬಿಳಿ ಬೇಳೆ. ಇನ್ನೊಂದು ತೊಳೆದೆ. ಅದೂ. ಮಿಕ್ಸರಿನ ಒಳಗೆ ಸಿಮೆಂಟು ಕಲಸುವ ಕಬ್ಬಿಣದ ಪಟ್ಟಿಗಳಿವೆ. ಕಡಲೆಕಾಯಿ ಬೀಜದ ಸಿಪ್ಪೆ ಈರುಳ್ಳಿ ಸಿಪ್ಪೆಗಿಂತ ತೆಳು. ಪಟ್ಟಿ ತಗುಲಿ ಹರಿದಿದೆ, ಬಣ್ಣ ಅದನ್ನು ಮುಚ್ಚಿದೆ. ಸಿಪ್ಪೆ ಇಲ್ಲದ ಕಾಳು ಮಣ್ಣಿನಲ್ಲಿ ಎಷ್ಟು ಹೊತ್ತು ಬದುಕೀತು!

ಸರ್‌ಗೆ ತೋರಿಸಿದೆ. ಇನ್ನೊಂದು ಕಾಳು ತೆಗೆದುಕೊಂಡು ತಾವೇ ತೊಳೆದು ನೋಡಿದರು. ಆಮೇಲೆ ಮೆಲ್ಲಗೆ, "ಬಿತ್ತಿದ ಮಾರನೇ ದಿನ ಜೋರು ಮಳೆ ಬಂತಲ್ವಾ ಲಾವಣ್ಯ? ನೀರು ನಿಂತು ಕೊಳೆತಿದೆ ಅಂತ ಹೇಳಿದ್ರೆ..."

"ಆ ಮಳೆ ಎಡಗಡೆ ಅರ್ಧಕ್ಕೂ ಬಿದ್ದಿದೆ ಸರ್."

"ಎಲ್ಲರಿಗೂ ಹೇಳಿದ್ರೆ ಕಂಪನಿ ಇವತ್ತೇ ಮುಚ್ಚಬೇಕಾಗುತ್ತೆ."

ಬಾಗಿಲ ಹತ್ತಿರ ಷಡಕ್ಷರಪ್ಪ ನಿಂತಿದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ. "ಶಶಿ, ನಾನ್ ಮಾರಿದ್ ಮೂಟೇಲಿ ಕೆಟ್ಟ ಕೌಟು ಕೊಬ್ಬರಿ ಬಂದ್ರೆ ಏನ್ ಮಾಡ್ತೀನಿ?" ಸರ್ ತಲೆ ತಗ್ಗಿಸಿದರು. "ವಾಪಸ್ ತಗೋತೀರಿ." "ಮತ್ತೆ? ಇದೇನು ಬೇರೆ ವ್ಯಾಪಾರವಾ?" ಅಷ್ಟೇ ಹೇಳಿ ಹೋದರು.

ಜುಲೈ 10

ಸರ್, ಲೋಕೇಶ್, ನಾನು — ಮೂವರೂ ಹುಲಿಕೆರೆಗೆ ಹೋದೆವು. ಮನೆ ಮನೆಗೆ. ತಟ್ಟೆಯಲ್ಲಿ ತೊಳೆದ ಕಾಳು ಇಟ್ಟುಕೊಂಡು, ತಪ್ಪು ನಮ್ಮ ಯಂತ್ರದ್ದು ಎಂದು ಹೇಳಿದೆವು. ಮರುಬಿತ್ತನೆಯ ಬೀಜ, ಕೂಲಿ ನಮ್ಮದೇ. ಒಬ್ಬರು ಬೈದರು. ಒಬ್ಬರು ಬಾಗಿಲೇ ತೆಗೆಯಲಿಲ್ಲ. ಸರ್ ಮಾತು ತೊದಲುತ್ತಿತ್ತು, ಆದರೂ ಪ್ರತಿ ಮನೆಯಲ್ಲೂ ತಾವೇ ಮುಂದೆ ನಿಂತರು.

ಕೆಂಪಲಕ್ಷ್ಮಮ್ಮ ಕಾಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಯ್ಯೋ, ಚರ್ಮ ಸುಲ್ದು ಮಣ್ಗೆ ಹಾಕಿದ್ದೀರಲ್ಲೋ!" ಆಮೇಲೆ ನನ್ನ ಕಡೆ ತಿರುಗಿ, "ಖಾಲಿ ಬಿದ್ದಿರೋ ಅರ್ಧಕ್ಕೆ ಹುರುಳಿ ಹಾಕಣ. ಹುರುಳಿ ಬಿತ್ತೋ ಹೊತ್ಗೆ ನೀನೇ ಬಂದು ಚೆಲ್ಬೇಕು. ಬಣ್ಣಗಿಣ್ಣ ಬ್ಯಾಡ."

ಸೆಪ್ಟೆಂಬರ್ 3

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ಇವತ್ತು ಹುರುಳಿ ಚೆಲ್ಲಿದೆ. ಮಡಿಲಲ್ಲಿ ಕಾಳು, ಬರಿಗಾಲು. ನಾನು ಎಸೆದದ್ದೆಲ್ಲ ಒಂದೇ ಕಡೆ ಬೀಳುತ್ತಿತ್ತು. "ಕೋಳಿಗೆ ಹಾಕ್ದಂಗೆ ಹಾಕ್ಬ್ಯಾಡ ಕಣೇ!" ಎಂದು ಅವರು ನಕ್ಕಾಗ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಜುಲೈ ಆದ ಮೇಲೆ ಅವರು ನಕ್ಕದ್ದು ಇದೇ ಮೊದಲು. ನಾನೂ.

ಡ್ರಮ್ಮಿನ ಪಟ್ಟಿಗಳನ್ನೆಲ್ಲ ಲೋಕೇಶ್ ಕತ್ತರಿಸಿದ್ದಾನೆ. ಒಳಗೆ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಹೊದಿಕೆ. ಗೇರು ಬದಲಾಯಿಸಿ ವೇಗ ಇಳಿಸಿದ್ದಾನೆ — ಈಗ ತೊಟ್ಟಿಲು ತೂಗಿದಂತೆ ತಿರುಗುತ್ತದೆ. ಇನ್ನು ನನ್ನ ನಿಯಮವೂ ಒಂದು: ಬಣ್ಣ ಹಾಕುವ ಮೊದಲು ಕಾಳು ನೋಡಬೇಕು, ಹಾಕಿದ ಮೇಲೂ ತೊಳೆದು ನೋಡಬೇಕು. ಪ್ರತಿ ಸಲ.

ಅಕ್ಟೋಬರ್ 19

ಹೋಗಲೋ ಬೇಡವೋ ಎಂದುಕೊಂಡೇ ಹುಲಿಕೆರೆಗೆ ಹೋದೆ. ಹಿಂಗಾರಿಗೆ ಕಡಲೆ ಹಾಕುತ್ತಾರೆ, ಪ್ರತಿ ವರ್ಷ ಸೊರಗು ರೋಗ ಬರುತ್ತದೆ. ಮತ್ತೆ ಹೊಲ ಕೇಳಲು ಬಾಯಿ ಬರಲಿಲ್ಲ. ಅವರೇ ಕೇಳಿದರು. "ಡ್ರಮ್ ಸರಿ ಹೋಯ್ತಾ?"

"ಹೋಯ್ತಮ್ಮ."

"ಸರಿ. ಹಳ್ಳದ್ ಪಕ್ಕದ್ ಹೊಲ ಅರ್ಧ ತಗೋ."

ಬಸ್ಸಿನಲ್ಲಿ ಜಾವಗಲ್‌ವರೆಗೂ ಒಬ್ಬಳೇ ನಗುತ್ತಿದ್ದೆ. ಪಕ್ಕದ ಸೀಟಿನ ಅಜ್ಜಿ ದೂರ ಸರಿದು ಕೂತರು.

ಡಿಸೆಂಬರ್ 14

ಹುಲಿಕೆರೆಗೆ ಹೋಗಿ ನೋಡಿ ಬಂದೆ!! ಕೆಂಚಪ್ಪನ ಕಡಲೆ ಗುಂಪು ಗುಂಪಾಗಿ ಒಣಗುತ್ತಿದೆ. ಕೆಂಪಲಕ್ಷ್ಮಮ್ಮನವರ ಅರ್ಧದಲ್ಲೂ ರೋಗ ಬಿದ್ದಿದೆ. ನಮ್ಮ ಅರ್ಧದಲ್ಲಿ... ಹುಡುಕಿದರೆ ಸಿಗುತ್ತವೆ ಒಣಗಿದ ಗಿಡ. ಹುಡುಕಿದರೆ! ಉಳಿದದ್ದೆಲ್ಲ ಹೂ. ಒಂದು ಗಿಡ ಕಿತ್ತು ಬೇರು ತೊಳೆದೆ. ಬೆಳ್ಳಗೆ, ಗಂಟು ಗಂಟು. ಎಷ್ಟು ಚೆಂದ ಬೇರು! ಕೆಂಪಲಕ್ಷ್ಮಮ್ಮ ಅದನ್ನು ಕಿತ್ತುಕೊಂಡು ಬದುವಿನಾಚೆ ಹಿಡಿದು ಕೂಗಿದರು — "ಏನ್ಲಾ ಕೆಂಚಪ್ಪ, ಬಣ್ಣ ಅಂತಿದ್ದಲ್ಲ, ಬಾ ಇಲ್ಲಿ!"

ಕೆಂಚಪ್ಪ ಬಂದ. ಬೇರು ನೋಡಿದ. ನನ್ನನ್ನು ನೋಡಿದ. "ಮುಂದಿನ್ ಸಲ ನನ್ ಬೀಜನೂ ಆ ಡ್ರಮ್ಮಿಗೆ ಹಾಕ್ತೀಯೇನವ್ವ?"

ಸರ್‌ಗೆ ಹಳೇಬೀಡಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಆ ಕಡೆ ಏನೋ ಬಿದ್ದ ಸದ್ದು. ಕುರ್ಚಿ ಸಮೇತ ಸರ್ ಬಿದ್ದಿದ್ದರಂತೆ. ಲೋಕೇಶ್ ಹೇಳಿದ.

ಜನವರಿ 30, 2000

ಇವತ್ತು ನಮ್ಮ ಕಡಲೆ ನೋಡಲು ಕೆಂಪಲಕ್ಷ್ಮಮ್ಮನವರ ಹೊಲದಲ್ಲಿ ಜನವೋ ಜನ. ಬೇಲೂರು ಕಡೆಯಿಂದಲೂ ಬಂದಿದ್ದರು. ನಾನು ಚಾರ್ಟ್ ಬರೆದುಕೊಂಡು ಹೋಗಿದ್ದೆ, ಬಿಚ್ಚಲೇ ಇಲ್ಲ. ಕೆಂಪಲಕ್ಷ್ಮಮ್ಮನೇ ಎಲ್ಲ ಹೇಳಿದರು, ಕಡಲೆಕಾಯಿ ಹಾಳಾದದ್ದನ್ನೂ ಬಿಡದೆ. ನಾನು ಭೂಮಿಗೆ ಇಳಿದುಹೋದೆ. "ಮಳೆ ಮೇಲೆ ಹಾಕ್ಬೋದಿತ್ತು. ಹಾಕ್ಲಿಲ್ಲ. ತಟ್ಟೆ ಹಿಡ್ಕೊಂಡು ಬಾಗ್ಲಿಗೆ ಬಂದ್ರು. ಅದ್ಕೇ ಕೊಟ್ಟೆ ಹೊಲವ" ಎಂದರು.

ಹಿಂದೆ ನಿಂತು ಕೇಳುತ್ತಿದ್ದವರಲ್ಲಿ ಬೇಲೂರಿನ ಹೊನ್ನಯ್ಯ! ಹೊರಡುವಾಗ ಹತ್ತಿರ ಬಂದು, "ಪ್ಯಾಕೆಟ್ ಕಳಿಸಮ್ಮ, ಇಡ್ತೀನಿ" ಎಂದರು. ಕಳಿಸುತ್ತೇನೆ ಎಂದೆ, ಗಾಂಭೀರ್ಯದಿಂದ. ಜೀಪ್ ಹತ್ತಿದ ಮೇಲೆ ಲೋಕೇಶನೂ ನಾನೂ ಕಿರುಚಿದೆವು.

ಮಾರ್ಚ್ 12

ಹೊಸ ಯೋಚನೆ ಬಂದದ್ದು ಹೊಲದಲ್ಲೇ. ಇಲ್ಲಿಯವರು ಬೀಜ ಕೊಳ್ಳುವುದಕ್ಕಿಂತ ಮನೆಯಲ್ಲಿ ಎತ್ತಿಟ್ಟದ್ದನ್ನೇ ಬಿತ್ತುವುದು ಹೆಚ್ಚು. ಹಾಗಾದರೆ ನಾವು ಬೀಜ ಮಾರುವುದೇಕೆ? ಅವರ ಬೀಜಕ್ಕೇ ಉಪಚಾರ ಮಾಡಿಕೊಟ್ಟರಾಯಿತು. ಡ್ರಮ್ ಊರಿಗೇ ಹೋಗಬೇಕು! ಸರ್ ಅರ್ಧ ವಾಕ್ಯ ಕೇಳಿಯೇ ಎದ್ದು ನಿಂತರು. ಲೋಕೇಶ್ ಆಗಲೇ ಟ್ರೈಲರ್ ಅಳೆಯುತ್ತಿದ್ದ.

ಏಪ್ರಿಲ್ 9

ಟ್ರೈಲರ್ ಟ್ರಯಲ್ ಮುಗಿಸಿ ಓಡಿಕೊಂಡು ಕಣಕಟ್ಟೆಗೆ. ಗಂಡಿನ ಕಡೆಯವರು ಬರುವವರಿದ್ದರು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು — ಯಾವುದಕ್ಕೂ ಬಣ್ಣ ಬಗ್ಗಲಿಲ್ಲ. ಮೊಣಕೈವರೆಗೂ ಕೆಂಪು ಕೈಯಲ್ಲೇ ಕಾಫಿ ಕೊಟ್ಟೆ. ಹುಡುಗನ ತಾಯಿ ಲೋಟ ಮುಟ್ಟಲು ಹಿಂದೆ ಮುಂದೆ ನೋಡಿದರು. "ಏನಮ್ಮ ಕೈಗೆ?" ನಾನು ಬಾಯಿ ತೆರೆಯುವ ಮೊದಲೇ ಅಪ್ಪ —

"ಬೀಜಕ್ಕೆ ಔಷಧಿ ಕಟ್ಟೋ ಕೆಲ್ಸ ಕಣಮ್ಮ. ಬೂಷ್ಟಲ್ಲೂ ಒಳ್ಳೇದು, ಕೆಟ್ಟದ್ದು ಅಂತ ಐತೆ. ಒಳ್ಳೇದು ಕೆಟ್ಟದ್ದನ್ನ ತಿಂತದೆ. ನಮ್ ಹುಡ್ಗಿ ಒಳ್ಳೇದನ್ನ ಬೆಳೆಸ್ತಾಳೆ."

ನಾನು ಹೇಳಿದ್ದನ್ನೆಲ್ಲ ಅಪ್ಪ ಕೇಳಿಸಿಕೊಂಡಿದ್ದರು! ಗಂಡಿನವರು ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ನನಗಂತೂ ಹೊಟ್ಟೆ ತುಂಬಿತು.

ಮೇ 24

ಹುಲಿಕೆರೆ ಶಾಲೆಯ ಮುಂದೆ ಟ್ರೈಲರ್ ನಿಲ್ಲಿಸಿದೆವು. ನಮಗಿಂತ ಮೊದಲೇ ಚೀಲಗಳು ಸಾಲಾಗಿ ಕೂತಿದ್ದವು. ಮೊದಲನೇ ಚೀಲ ಕೆಂಚಪ್ಪನದು. ಕಡಲೆಕಾಯಿ. ಡ್ರಮ್ಮಿಗೆ ಸುರಿದು ತಿರುಗಿಸಿದೆವು. ಡ್ರಮ್ ನಿಂತಿತು. ಎಲ್ಲರ ಎದುರಿಗೇ ಒಂದು ಹಿಡಿ ತೆಗೆದು ಬಕೆಟ್ಟಿನಲ್ಲಿ ತೊಳೆದೆ. ಕೈ ಬಿಚ್ಚಿದೆ. ಸಿಪ್ಪೆ ಹಾಗೇ ಇದೆ! "ಹಾಕಿ, ಹಾಕಿ, ಇನ್ನೊಂದು ಚೀಲ!" ಎಂದು ಜನವೇ ಕೂಗಿತು.

ಮಧ್ಯಾಹ್ನ ಷಡಕ್ಷರಪ್ಪ ಹೇಳದೆ ಕೇಳದೆ ಬಸ್ಸಿನಲ್ಲಿ ಬಂದರು. ಬೇವಿನ ಮರದ ಕೆಳಗೆ ಕೂತು ಸಾಲು ಕರಗುವುದನ್ನೂ ಮತ್ತೆ ಬೆಳೆಯುವುದನ್ನೂ ನೋಡಿದರು. ಸರ್ ಭಯದಿಂದ ಹತ್ತಿರ ಹೋದರು. ಅವರು ಕೊಟ್ಟ ವರ್ಷ ಮುಗಿದಿತ್ತಲ್ಲ.

"ಗೋಡೌನ್ ವಿಷಯ ಅಪ್ಪಾಜಿ..."

"ಅದು ಸಣ್ಣದಾಯ್ತಲ್ಲೋ. ಪಕ್ಕದ್ದೂ ಖಾಲಿ ಮಾಡಿಸ್ತೀನಿ. ಇರುವೆಗೆ ಮಾತ್ರ ಏನಾರ ಮಾಡಿ."

ಸರ್ ಮರದ ಆ ಕಡೆಗೆ ಹೋಗಿ ನಿಂತರು. ಕನ್ನಡಕ ಒರೆಸಿಕೊಂಡು ಬರಲು ಅಷ್ಟು ಹೊತ್ತು ಬೇಕಿರಲಿಲ್ಲ.

ಜೂನ್ 21, ಬೆಳಿಗ್ಗೆ

ಕೆಂಪಲಕ್ಷ್ಮಮ್ಮ ನಿನ್ನೆ ಸಂಜೆ ಆಫೀಸಿಗೆ ಫೋನ್ ಮಾಡಿದ್ದರು. "ನಾಳೆ ಬಾ" ಎಂದಷ್ಟೇ ಹೇಳಿ ಇಟ್ಟರು. ಹುಟ್ಟಿದೆಯೋ ಇಲ್ಲವೋ ಹೇಳಲಿಲ್ಲ! ನಿದ್ದೆ ಬಂದಿದ್ದರೆ ಕೇಳಿ. ದಾರಿಯಲ್ಲಿ ಲೋಕೇಶನಿಗೆ ಮಾತಾಡಬೇಡ ಎಂದೆ.

ಹೊಲದ ಬದುವಿನ ಮೇಲೆ ಕೂತು ಬರೆಯುತ್ತಿದ್ದೇನೆ. ಹಗ್ಗ ಹುಡುಕಿದೆ, ಕಾಣಲಿಲ್ಲ. ಈ ಸಲ ಕಟ್ಟೇ ಇಲ್ಲವಂತೆ. ಇಡೀ ಹೊಲಕ್ಕೆ ನಮ್ಮ ಡ್ರಮ್ಮಿನ ಬೀಜವೇ. ಈ ತುದಿಯಿಂದ ಆ ತುದಿಗೆ ಸಾಲು ಎಲ್ಲೂ ಕಡಿದಿಲ್ಲ. ಎಲೆ ಇನ್ನೂ ಮಡಿಚಿಕೊಂಡೇ ಇವೆ, ಬಿಸಿಲು ಬಂದ ಹಾಗೆ ಒಂದೊಂದಾಗಿ ಬಿಚ್ಚುತ್ತಿವೆ. ಸಾಲು ಸಾಲಾಗಿ. ಹಳ್ಳದವರೆಗೂ. ಎಷ್ಟು —

ಕೆಂಪಲಕ್ಷ್ಮಮ್ಮ ಆ ಕಡೆಯಿಂದ ಕೂಗುತ್ತಿದ್ದಾರೆ. "ಬರ್ದಿದ್ದು ಸಾಕು ಬಾರೇ, ಇಳಿ ಹೊಲಕ್ಕೆ!" ಚಪ್ಪಲಿ ಇಲ್ಲೇ ಬಿಟ್ಟು ಹೊರಟೆ.