ಬಾಗಿಲು ದಡದ ಕಡೆಗೆ

ಕಿಲ್ಡ್ವಿಕ್, ಆಕ್ರಾಯ್ಡ್ ಅವರ ತೋಟದ ಕೆಳಗೆ
ಗುರುವಾರ, ಮೇ 16, ಬೆಳಿಗ್ಗೆ

ಪ್ರೀತಿಯ ವಿಲ್ಫ್ ಅಣ್ಣಾ,

ಸೊಂಟದ ನೋವು ಹೇಗಿದೆ? ನಿದ್ದೆ ಬರುತ್ತಿದೆಯೇ? ಮಂಗಳವಾರ ಊರುಗೋಲು ಹಿಡಿದು ಎಂಟು ಹೆಜ್ಜೆ ನಡೆದೆಯಂತೆ, ಒಂಬತ್ತನೆಯದಕ್ಕೆ ಜಗಳ ತೆಗೆದೆಯಂತೆ. ವಾರ್ಡಿನಿಂದ ಫೋನ್ ಮಾಡಿ ಹೇಳಿದರು. ಜಗಳ ತೆಗೆದೆ ಎಂದು ಕೇಳಿದ ಮೇಲೆ ನನಗೆ ಎಷ್ಟೋ ಸಮಾಧಾನವಾಯಿತು. ಓಟ್ಸ್ ಗಂಜಿ ಸಪ್ಪೆ ಎಂದು ಹಾಗೇ ಬಿಡಬೇಡ, ಉಪ್ಪು ಹಾಕಿಸಿಕೊಂಡು ತಿನ್ನು. ಫೋನಿನಲ್ಲಿ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ, ಕೇಳಿಸಿದ್ದಕ್ಕೆ ನೀನು ಒಪ್ಪುವುದಿಲ್ಲ, ಅದಕ್ಕೇ ಈ ಕಾಗದ. ದೋಣಿ ಮಾರುವ ಪತ್ರಕ್ಕೆ ಸಹಿ ಹಾಕಿ ದಲ್ಲಾಳಿಗೆ ಕಳಿಸಲು ನನ್ನ ಕೈಗೆ ಕೊಟ್ಟೆಯಲ್ಲ, ಆ ಲಕೋಟೆಯ ಬಗ್ಗೆ ಎರಡು ಸಲ ಕೇಳಿದ್ದೀಯ. ದಲ್ಲಾಳಿಯಿಂದ ಉತ್ತರವೇನೂ ಬಂದಿಲ್ಲ. ಅದಿರಲಿ, ಮೊದಲು ಸುದ್ದಿ ಕೇಳು.

ದೋಣಿಯನ್ನು ಕಟ್ಟಿ ನಿಲ್ಲಿಸಲು ಜಾಗ ಸಿಕ್ಕಿದೆ. ಕಾಲುವೆಯ ನಿಯಮದಂತೆ ಎರಡು ವಾರಕ್ಕೊಮ್ಮೆ ಜಾಗ ಬದಲಿಸುವ ನಮ್ಮ ದೋಣಿಮನೆಗೆ ದಿನಾ ನರ್ಸನ್ನು ಕಳಿಸುವುದು ಹೇಗೆ, ಒಂದೇ ಕಡೆ ಕಟ್ಟಿದ್ದರೆ ಮನೆಗೆ ಬಿಡುತ್ತೇವೆ, ಇಲ್ಲವಾದರೆ ವೃದ್ಧಾಶ್ರಮ ಎಂದು ಡಾಕ್ಟರು ಹೇಳಿದ ದಿನ ನೀನು, "ನಮ್ಮ ದೋಣಿಗೆ ಯಾರು ಜಾಗ ಕೊಡ್ತಾರೆ ಎನಿಡ್, ಮಾರಿಬಿಡು," ಎಂದು ಗೋಡೆಯ ಕಡೆ ತಿರುಗಿ ಮಲಗಿದೆ. ಅವತ್ತು ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ, ಈಗ ಹೇಳುತ್ತಿದ್ದೇನೆ. ಮರುದಿನದಿಂದ ಹನ್ನೊಂದು ಕಡೆ ಕೇಳಿದೆ. ಉದ್ದ ಹೇಳುವವರೆಗೆ ಎಲ್ಲರೂ ಬೆಣ್ಣೆಯಂಥ ಮಾತಾಡುತ್ತಾರೆ, ಹನ್ನೊಂದಡಿ ಅಗಲ ಎಂದ ಕೂಡಲೇ ಅವರಿಗೆ ಬೇರೆ ಕೆಲಸ ನೆನಪಾಗುತ್ತದೆ. ಒಬ್ಬ ಪುಣ್ಯಾತ್ಮ, ಅರ್ಧ ಕೊಯ್ದುಕೊಂಡು ತನ್ನಿ ನೋಡೋಣ ಎಂದ. ಅಮ್ಮನ ಹೆಸರಿಟ್ಟಿದ್ದಕ್ಕೆ ನಮ್ಮ 'ಮಾರ್ಥಾ'ಗೆ ಅಮ್ಮನ ಮೈಕಟ್ಟೇ ಬಂದಿದೆ, ಏನು ಮಾಡುವುದು.

ಹನ್ನೆರಡನೆಯವಳು ಈ ಆಕ್ರಾಯ್ಡಮ್ಮ. ನನ್ನ ವಯಸ್ಸಿನ ವಿಧವೆ. ತೋಟದ ಕೊನೆಯಲ್ಲಿ ಹಿಂದಿನ ಕಾಲದ ಕಲ್ಲಿದ್ದಲು ಇಳಿಸುವ ಕಲ್ಲುಕಟ್ಟೆ ಇದೆ, ಗಂಡನ ದೋಣಿ ಹೋದಮೇಲೆ ಖಾಲಿ ಬಿದ್ದಿತ್ತು. ಮಾರ್ಥಾಳ ಫೋಟೋ ತೋರಿಸಿದರೆ, "ಇದೇನು ದೋಣೀನೋ ಚರ್ಚಿನ ಸಭಾಭವನಾನೋ?" ಎಂದಳು. ಆದರೂ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಒಂದು ತುದಿ ನನ್ನ ಕೈಗೆ ಕೊಟ್ಟಳು. ಕಟ್ಟೆಯ ಉದ್ದ ಅಳೆದೆವು, ನೀರಿನ ಆಳ ನೋಡಿದೆವು, ಬೇರೆ ದೋಣಿ ದಾಟುವುದಕ್ಕೆ ಎಷ್ಟು ಉಳಿಯುತ್ತದೆ ನೋಡಿದೆವು, ನಮ್ಮ ಚಿಮಣಿ ಅವಳ ಅಡುಗೆಮನೆ ಕಿಟಕಿಗೆ ಅಡ್ಡ ಬರುತ್ತದೆಯೇ ಎಂದು ಪೊರಕೆ ನಿಲ್ಲಿಸಿಯೂ ನೋಡಿದೆವು. ಎಲ್ಲ ಸರಿಹೋಯಿತು. ಸೋಮವಾರ ನಿನ್ನ ಹಳೇ ಗೆಳೆಯ ಕ್ಲೆಗ್ ಬಂದು ಬಿಂಗ್ಲಿಯಿಂದ ಮಾರ್ಥಾಳನ್ನು ತಂದು ಇಲ್ಲಿ ಕಟ್ಟಿ, ಚಹಾ ಕುಡಿದು, ಮಗಳನ್ನು ನೋಡಲು ಹಲ್‌ಗೆ ರೈಲು ಹತ್ತಿದ.

ಮಂಗಳವಾರ ಬೆಳಿಗ್ಗೆ ನರ್ಸ್ ಬಂದಳು, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ಎಂದು ಪರೀಕ್ಷಿಸುವುದಕ್ಕೆ. ದಡದ ಮೇಲೆ ನಿಂತು ಕಬ್ಬಿಣದ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, "ಬಾಗಿಲು ಎಲ್ಲಮ್ಮಾ?" ಎಂದಳು. ಅಣ್ಣಾ, ಆಗಲೇ ನಾನು ನೋಡಿದ್ದು. ಗಾಲಿಕುರ್ಚಿ ಹಿಡಿಸುವ ಒಂದೇ ಬಾಗಿಲು, ಪಕ್ಕದ್ದು, ನೀರಿನ ಕಡೆ ಇತ್ತು! ಒಂಬತ್ತು ವರ್ಷ ನಾವಿಬ್ಬರೂ ಹಿಂದಿನ ಕಡಿದಾದ ಮೆಟ್ಟಿಲಿನಲ್ಲೇ ಹತ್ತಿಳಿದವರು, ಆ ಬಾಗಿಲು ಗಾಳಿಗೆ ಮಾತ್ರ ತೆಗೆದವರು. ಅಷ್ಟೆಲ್ಲ ಅಳೆದ ನನಗೆ ದೋಣಿಯ ಮುಖ ಯಾವ ಕಡೆಗಿರಬೇಕು ಎಂಬುದು ತಲೆಗೇ ಹೊಳೆಯಲಿಲ್ಲ. ನರ್ಸ್ ಒಳ್ಳೆಯವಳು. ನಾಳೆ ಮಧ್ಯಾಹ್ನ ಇನ್ನೊಮ್ಮೆ ಬರುತ್ತೇನೆ, ಅಷ್ಟರಲ್ಲಿ ಬಾಗಿಲು ಈ ಕಡೆ ಬಂದಿದ್ದರೆ ಸಹಿ ಮಾಡುತ್ತೇನೆ, ಇಲ್ಲವಾದರೆ ಆಸ್ಪತ್ರೆಯ ಹಾಸಿಗೆ ಬೇರೆಯವರಿಗೆ ಬೇಕು, ನಿಮ್ಮಣ್ಣನನ್ನು ಆಶ್ರಮಕ್ಕೆ ಕಳಿಸಬೇಕಾಗುತ್ತದೆ ಎಂದು ಹೋದಳು.

ಕ್ಲೆಗ್ ಹಲ್‌ನಲ್ಲಿ. ಐವತ್ತೇಳು ಅಡಿ ದೋಣಿ ತಿರುಗುವಷ್ಟು ಕಾಲುವೆ ಅಗಲವಾಗಿರುವುದು ಒಂದೂವರೆ ಮೈಲಿ ಆಚೆ, ನಡುವೆ ರಸ್ತೆ ತಡೆದು ಪಕ್ಕಕ್ಕೆ ತಿರುಗಿಸಬೇಕಾದ ಸೇತುವೆ ಬೇರೆ. ನಾನೋ, ಒಂಬತ್ತು ವರ್ಷ ನೀರುಗೇಟಿನ ಹಿಡಿಕೆ ತಿರುಗಿಸಿದವಳೇ ಹೊರತು ಚುಕ್ಕಾಣಿ ಮುಟ್ಟಿದವಳಲ್ಲ. "ನಿನ್ನ ಕೈಗೆ ಕೊಟ್ರೆ ಹೊಲದಲ್ಲಿ ಹಸುಗಳ ಜೊತೆ ಇರ್ತೀವಿ," ಎಂದು ನೀನು ಎಷ್ಟು ಸಲ ಅಂದಿಲ್ಲ? ಅದನ್ನು ನೆನೆದು ಸಿಟ್ಟು ಬಂತು. ನಿನ್ನೆ ಬೆಳಿಗ್ಗೆ ಅದೇ ಸಿಟ್ಟಿನಲ್ಲಿ ಎಂಜಿನ್ ಹಚ್ಚಿದೆ. ಆಕ್ರಾಯ್ಡಮ್ಮ ಗಂಡನ ಹಳೇ ಟೋಪಿ ಹಾಕಿಕೊಂಡು ಸೇತುವೆ ತಿರುಗಿಸಿದಳು. ನಾನು ದಾಟುವಷ್ಟರಲ್ಲಿ ರಸ್ತೆಯಲ್ಲಿ ಏಳು ಕಾರು, ಒಂದು ಟ್ರ್ಯಾಕ್ಟರು ನಿಂತಿದ್ದವು. ಟ್ರ್ಯಾಕ್ಟರಿನವನು ಕೂಗಿದ್ದನ್ನು ಬರೆಯುವುದಿಲ್ಲ, ಆಕ್ರಾಯ್ಡಮ್ಮ ಅವನಿಗೆ ತಿರುಗಿಸಿ ಹೇಳಿದ್ದನ್ನಂತೂ ಬರೆಯುವ ಹಾಗೇ ಇಲ್ಲ.

ತಿರುಗುವ ಜಾಗದಲ್ಲಿ ಮಾತ್ರ ಸಿಕ್ಕಿಹಾಕಿಕೊಂಡೆ. ಗಾಳಿ ಎದ್ದಿತ್ತು, ದೋಣಿ ಅಡ್ಡಡ್ಡ ನಿಂತು ಅಲುಗಲೇ ಇಲ್ಲ. ಆಗ ನಿನ್ನ ಗೊಣಗಾಟ ಕಿವಿಯಲ್ಲಿ ಕೇಳಿಸಿದ ಹಾಗಾಯಿತು: "ಮೂತಿ ಒತ್ತು, ಬಾಲ ಬೀಸು, ಆತುರ ಬೇಡ." ನಾನು ಮುಂದೆ ಹಗ್ಗ ಹಿಡಿದು ನಿಂತಿರುತ್ತಿದ್ದಾಗ ನೀನು ಚುಕ್ಕಾಣಿ ಹಿಡಿದು ನಿನಗೇ ಹೇಳಿಕೊಳ್ಳುತ್ತಿದ್ದೆಯಲ್ಲ, ಅದು. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ. ಮೂತಿಯನ್ನು ದಡದ ಕೆಸರಿಗೆ ಒತ್ತಿದೆ, ಚುಕ್ಕಾಣಿ ಪೂರಾ ಆಚೆ ತಳ್ಳಿದೆ, ಹಿಂಭಾಗ ನಿಧಾನಕ್ಕೆ ಸುತ್ತಿ ಬಂತು. ಒಬ್ಬಳೇ ನಿಂತು ಗಟ್ಟಿಯಾಗಿ ನಕ್ಕೆ. ನಷ್ಟವೆಂದರೆ ನಿನ್ನ ಎರಡು ಜೆರೇನಿಯಂ ಕುಂಡ, ನೀಲಿ ಚಹಾಪಾತ್ರೆಯ ಮೂತಿ, ಎಡಬದಿಯಲ್ಲಿ ಒಂದು ಗೀರು. ಹೊಲಕ್ಕೆ ಹೋಗಲಿಲ್ಲ, ಹಸುಗಳು ಬೇಲಿಯಿಂದಲೇ ನೋಡಿದವು.

ವಾಪಸ್ ಬಂದು ಬಾಗಿಲು ದಡದ ಕಡೆಗೆ ಮಾಡಿ ಕಟ್ಟಿದೆವು, ಮಧ್ಯಾಹ್ನ ನರ್ಸ್ ಬಂದು ಸಹಿ ಮಾಡಿದಳು. ಸೋಮವಾರ ಹನ್ನೊಂದಕ್ಕೆ ನಿನ್ನನ್ನು ಕರೆತರುತ್ತಾರೆ. ಬಾಗಿಲು ದಡದ ಕಡೆ ಬಂದಿದ್ದರಿಂದ ನಿನ್ನ ಹಾಸಿಗೆಯ ಕಿಟಕಿ ನೀರಿನ ಕಡೆ ಹೋಗಿದೆ. ಮಲಗಿದಲ್ಲಿಂದಲೇ ಹೋಗಿ ಬರುವ ದೋಣಿಗಳಿಗೆಲ್ಲ ತಪ್ಪು ಹಿಡಿಯಬಹುದು. ಆಕ್ರಾಯ್ಡಮ್ಮ ನಿನಗಾಗಿ ರೂಬಾರ್ಬ್ ಕಡುಬು ಮಾಡುತ್ತಾಳಂತೆ, ಹುಳಿ ಎಂದು ಮುಖ ಕಿವುಚಬೇಡ.

ದೇವರು ನಿನ್ನ ಸೊಂಟಕ್ಕೆ ಬಲ ಕೊಡಲಿ, ಬಾಯಿಗೆ ಈಗಿರುವಷ್ಟೇ ಸಾಕು.

ನಿನ್ನ ದಾರಿ ನೋಡುತ್ತಿರುವ ತಂಗಿ,
ಎನಿಡ್

ಮರೆತೆ: ಅಂಚೆ ಡಬ್ಬಿಗೆ ಹೋಗಲು ಆಕ್ರಾಯ್ಡಮ್ಮ ಕೋಟು ಹಾಕಿಕೊಂಡು ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತೇನೆ. ದಲ್ಲಾಳಿಯಿಂದ ಉತ್ತರ ಬರುವುದಿಲ್ಲ. ಆ ಲಕೋಟೆಯನ್ನು ನಾನು ಅಂಚೆಗೆ ಹಾಕಲೇ ಇಲ್ಲ, ಇಷ್ಟು ದಿನ ಏಪ್ರನ್ ಜೇಬಿನಲ್ಲೇ ಇತ್ತು. ನಿನ್ನೆ ಬಾಗಿಲಿಗೆ ಹಾಕಿದ ಹಲಗೆ ಕಲ್ಲಿನ ಮೇಲೆ ಸರಿಯಾಗಿ ಕೂರದೆ ಅಲ್ಲಾಡುತ್ತಿತ್ತು, ನರ್ಸ್ ಹುಬ್ಬು ಗಂಟಿಕ್ಕಿದಳು. ಕೈಗೆ ಸಿಕ್ಕಿದ್ದು ಅದೇ. ನಾಲ್ಕು ಮಡಿಕೆ ಮಾಡಿ ಹಲಗೆಯ ಕೆಳಗೆ ತುರುಕಿದೆ. ಈಗ ಅಲ್ಲಾಡುವುದಿಲ್ಲ. ಸೋಮವಾರ ಅದರ ಮೇಲೆಯೇ ಒಳಗೆ ಬಾ.