ಏಳು ಅಡಿ ಮೂರು ಇಂಚು

ತಾರೀಕು ಹದಿನಾಲ್ಕು, ಭಾನುವಾರ

ನನ್ನ ಅಕ್ಕನಿಗೆ,

ಮೊದಲು ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವ ಕೈಗೆ ಪೆನ್ನು ಇನ್ನೂ ಒಗ್ಗಿಲ್ಲ. ಸಾಲುಗಳು ಎಳೆದು ಹೊಲಿದ ಅಂಚಿನ ಹಾಗೆ ಸೊಟ್ಟಗೆ ಹೋಗುತ್ತವೆ. ಒತ್ತಕ್ಷರ ಎಲ್ಲಿ ತಪ್ಪಿದೆಯೋ ಅಲ್ಲಿ ನೀನೇ ತಿದ್ದಿಕೊಂಡು ಓದು. ಐದನೇ ಕ್ಲಾಸಿನವಳ ಕಾಗದ ನೋಡಿ ಅಂತ ಭಾವನಿಗೆ ಮಾತ್ರ ತೋರಿಸಬೇಡ.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಿನ್ನೆಯಿಂದ ಮೂರು ಸಲ ಮಾಡಿದೆನಲ್ಲ, ನೆನಪಿದೆಯಾ? ನೀನು "ಏನೇ ಗುಂಡಿ" ಅಂದ ಕೂಡಲೇ ನನ್ನ ಬಾಯಿ ಕಟ್ಟಿಹೋಯಿತು. ನಾನು ಎರಡು ವರ್ಷದವಳಿದ್ದಾಗ ಅಪ್ಪ ಹೊಲಿಯುತ್ತಿದ್ದ ಅಂಗಿಯ ಗುಂಡಿ ನುಂಗಿದ್ದಕ್ಕೆ ಬಿದ್ದ ಹೆಸರು, ಇಪ್ಪತ್ತೆರಡಾದರೂ ನೀನು ಬಿಡಲಿಲ್ಲ. "ಏನಿಲ್ಲ, ಅಮ್ಮ ಚೆನ್ನಾಗಿದಾಳೆ" ಅಂತ ಮೂರು ಸಲವೂ ಅದನ್ನೇ ಹೇಳಿ ಇಟ್ಟುಬಿಟ್ಟೆ. ಅಮ್ಮ ಎದುರಿಗೇ ಕೂತು ಬಟ್ಟೆಯ ಅಂಚು ಹೊಲಿಯುತ್ತಿದ್ದಳು. ಮೂರನೇ ಸಲ ಅವಳೇ, "ನಾನು ಚೆನ್ನಾಗಿರೋದು ಅವಳಿಗೆ ಒಂದು ಸಲ ಹೇಳಿದ್ರೆ ಸಾಲ್ದಾ?" ಅಂದಳು.

ಹೇಳಬೇಕಾದ್ದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಜಾರಿಹೋಗುತ್ತದೆ. ಅಪ್ಪ ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಅಳತೆಯನ್ನು ನಾನು ನಿನಗೆ ಸುಳ್ಳು ಕಳಿಸಿದೆ. ಉದ್ದ ಆರು ಅಡಿ ಮೂರು ಇಂಚು ಅಂತ ಚೀಟಿಯಲ್ಲಿ ಬರೆದೆ. ಅದು ಇರುವುದು ಏಳು ಅಡಿ ಮೂರು ಇಂಚು. ಟೇಪು ಹಿಡಿದದ್ದರಲ್ಲಿ ತಪ್ಪಾಗಿಲ್ಲ. ಬೇಕಂತಲೇ ಒಂದಡಿ ನುಂಗಿದೆ. ಎಷ್ಟು ವರ್ಷ ನೀನು ಅದರ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದರೂ ಅದರ ಉದ್ದ ನಿನಗೆ ಗೊತ್ತಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ದಿನಾ ಅದರ ಮೇಲೆ ಬಟ್ಟೆ ಹಾಸುವವಳಿಗೆ ಮಾತ್ರ ಗೊತ್ತಾಗುವ ವಿಷಯ ಅದು.

ಯಾಕೆ ಅಂತ ಕೇಳುತ್ತೀಯ. ನೀನು ಮನೆಯ ನಕ್ಷೆ ತಂದ ದಿನ ನೆನಪಿಸಿಕೋ. ಪಕ್ಕದ ಬೀದಿಯ ನರ್ಸಮ್ಮನ ಬ್ಲೌಸಿನ ಬಟ್ಟೆಗೆ ನಾನು ಆಗಷ್ಟೇ ಗೆರೆ ಹಾಕಿದ್ದೆ. ನೀನು ಅದರ ಮೇಲೇ ನಕ್ಷೆ ಹಾಸಿದೆ. ಇಲ್ಲಿ ಕಿಟಕಿ, ಇಲ್ಲಿ ಸಿಂಕು, ಇಲ್ಲಿ ನಿನ್ನ ಭಾವನ ಗಾಡಿ ನಿಲ್ಲುತ್ತೆ, ಅಂತ ಬೆರಳಿಟ್ಟು ತೋರಿಸುತ್ತಾ ಹೋದೆ. ಕಟ್ಟಿರುವ ಮನೆ ಕೊಂಡರೆ ನಾವು ಅದಕ್ಕೆ ಹೊಂದಿಕೊಳ್ಳಬೇಕು, ನಾವೇ ಕಟ್ಟಿಸಿದರೆ ಮನೆ ನಮಗೆ ಹೊಂದಿಕೊಳ್ಳುತ್ತದೆ, ಅಳತೆ ಕೊಟ್ಟು ಹೊಲಿಸಿದ ಬಟ್ಟೆಯ ಹಾಗೆ, ಅಂದೆ. ಆ ಮಾತು ನನಗೆ ಸೂಜಿಯ ಹಾಗೆ ಚುಚ್ಚಿತು. ಊರಿನವರಿಗೆಲ್ಲ ಅಳತೆ ತೆಗೆದು ಹೊಲಿಯುವವಳು ನಾನು. ನನಗೂ ಅಮ್ಮನಿಗೂ ಇರುವುದು ಒಂದೇ ಕೋಣೆ, ಅದರಲ್ಲಿ ಅರ್ಧ ಈ ಮೇಜು. ಕೆಳಗೆ ಅಮ್ಮನ ಹಾಸಿಗೆ, ಮೇಲೆ ನನ್ನದು. ನಮ್ಮ ಮನೆಯ ಮಹಡಿ ಅಂತ ಅಮ್ಮ ನಗುತ್ತಾಳೆ.

ನಾನೂ ನಗುತ್ತಾ ನಕ್ಷೆ ನೋಡಿದೆ. ಒಳಗೆ ಉರಿಯುತ್ತಿತ್ತು. ಆ ತಿಂಗಳು ನಾನು ಹೊಲಿದುಕೊಟ್ಟ ನೀಲಿ ಬ್ಲೌಸಿನ ತೋಳು ಬಿಗಿಯಾಗಿದೆ, ದಪ್ಪ ಆಗಿದೀನೇನೋ ಅಂದೆಯಲ್ಲ? ನೀನು ದಪ್ಪ ಆಗಿರಲಿಲ್ಲ, ಅಕ್ಕ.

ಅದಾಗಿ ಎರಡು ವಾರಕ್ಕೆ ನಿನ್ನ ಚೀಟಿ ಬಂತು. "ಅಪ್ಪನ ಮೇಜಿನ ಅಳತೆ ಬರೆದು ಕಳಿಸು, ಮನೆಯಲ್ಲಿ ಅದಕ್ಕೊಂದು ಜಾಗ ಮಾಡ್ತಿದೀವಿ" ಅಂತ. ಅಷ್ಟೇ ಬರೆದಿದ್ದೆ. ಓದಿದವಳೇ ಚೀಟಿಯನ್ನು ಮಡಿಸಿ ಮಡಿಸಿ ಗುಂಡಿಯಷ್ಟು ಮಾಡಿದೆ. ಓದು ನಿನಗೆ ಸಿಕ್ಕಿತು. ಒಬ್ಬಳು ಓದಲಿ, ಒಬ್ಬಳು ಕತ್ತರಿ ಹಿಡಿಯಲಿ ಅಂತ ಅಪ್ಪ ಹೇಳಿದಾಗ ಯಾರೂ ನನ್ನನ್ನು ಕೇಳಲಿಲ್ಲ. ಲ್ಯಾಬಿನ ಕೆಲಸ ಸಿಕ್ಕಿತು, ಬಿಳಿ ಕೋಟು ಸಿಕ್ಕಿತು, ಭಾವ ಸಿಕ್ಕಿದರು, ಈಗ ಮನೆ. ಇವಳಿಗೆ ಮೇಜೂ ಬೇಕಾ? ಬಂದವರಿಗೆ ನಮ್ಮಪ್ಪನದು ಅಂತ ತೋರಿಸಿ ಅದರ ಮೇಲೆ ಹೂದಾನಿ ಇಡುತ್ತಾಳೆ, ನಾನು ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸಬೇಕು, ಹೀಗೆಲ್ಲ ಅಂದುಕೊಂಡೆ. ಬೇಡ ಅನ್ನುವ ಬಾಯಿ ನನಗಿಲ್ಲ. ಅದಕ್ಕೇ ಏಳು ಇರಬೇಕಾದ ಕಡೆ ಆರು ಬರೆದು ನಿನ್ನ ಮೇಸ್ತ್ರಿಯ ಕೈಗೆ ಕೊಟ್ಟೆ. ಮೇಜು ಬರುತ್ತೆ, ಜಾಗದಲ್ಲಿ ಕೂರುವುದಿಲ್ಲ, ಬಂದ ದಾರಿ ಹಿಡಿದು ನನ್ನ ಹತ್ತಿರವೇ ವಾಪಸ್ಸು ಬರುತ್ತೆ. ಇದು ನನ್ನ ಲೆಕ್ಕ.

ನಿನ್ನ ಮನೆ ಕಟ್ಟುವ ಮೇಸ್ತ್ರಿ ನಮ್ಮ ಬೀದಿಯವರೇ ಆದದ್ದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಶುಕ್ರವಾರ ಸಂಜೆ ಪ್ಯಾಂಟಿನ ಜಿಪ್ಪು ಹಾಕಿಸಿಕೊಳ್ಳಲು ಬಂದರು. ನಾನು ಹೊಲಿಯುತ್ತಿದ್ದಾಗ ಬಾಗಿಲಲ್ಲಿ ಕೂತು ಟೀ ಕುಡಿಯುತ್ತಾ, "ಇನ್ನೇನಮ್ಮ, ಆರು ತಿಂಗಳು. ಆಮೇಲೆ ನಿನ್ನ ಹತ್ರ ಬಟ್ಟೆ ಹೊಲಿಸ್ಬೇಕಂದ್ರೆ ನಾನು ಬಸ್ಸು ಹತ್ಬೇಕು" ಅಂದರು. ನಾನೆಲ್ಲಿಗೆ ಹೋಗ್ತೀನಿ ಅಂತ ಕೇಳಿದೆ. ಅವರು ನಾಲಿಗೆ ಕಚ್ಚಿಕೊಂಡರು. "ಹೇಳ್ಬೇಡಿ ಅಂದಿದ್ರು ನಿಮ್ಮಕ್ಕ. ನನ್ನ ಬಾಯೋ, ಹರಿದ ಜೇಬು. ಬೀದಿ ಕಡೆ ರೂಮು ನಿಂಗೇ ಅಂತ ಕಟ್ತಾ ಇರೋದು ಕಣಮ್ಮ. ಮೇಜು ಗೋಡೆಯಿಂದ ಗೋಡೆಗೆ, ಕಿಟಕಿ ಕೆಳಗೆ, ಸರಿಯಾಗಿ ಕೂರ್ಬೇಕು ಅಂತ ಅಗಲ ಇಟ್ಟಿದೀವಿ. ಆರೂವರೆ. ಗಾರೆ ಬಿದ್ಮೇಲೆ ಆರು ನಾಲ್ಕು ಉಳಿಯುತ್ತೆ. ನಿಂದು ಆರು ಮೂರು ತಾನೇ?"

ಹೂಂ ಅಂದೆ ಅಕ್ಕ. ಆಗಲೂ ಹೂಂ ಅಂದೆ. ಜಿಪ್ಪು ತಲೆಕೆಳಗಾಗಿ ಹೊಲಿದಿದ್ದೆ, ಬಿಚ್ಚಿ ಮತ್ತೆ ಹೊಲಿಯಬೇಕಾಯಿತು.

ಅವರು ಹೋದ ಮೇಲೆ, ನೀನು ಹೋದ ತಿಂಗಳು ಅಮ್ಮನಿಗೆ ತೋರಿಸು ಅಂತ ಕೊಟ್ಟಿದ್ದ ಖರ್ಚಿನ ಪಟ್ಟಿಯನ್ನು ಹುಡುಕಿದೆ. ಮಿಷನ್ನಿನ ಎಣ್ಣೆ ಡಬ್ಬಿಯ ಕೆಳಗೆ ಇಟ್ಟಿದ್ದೆ, ಓದಿರಲಿಲ್ಲ. ನಿನ್ನ ಮನೆಗೆ ಎಷ್ಟು ಸುರಿಯುತ್ತೀಯ ಅಂತ ನೋಡಿ ನಾನು ಯಾಕೆ ಉರಿದುಕೊಳ್ಳಬೇಕು ಅಂತ. ಎಣ್ಣೆ ಕುಡಿದು ಕಾಗದ ಗಾಜಿನ ಹಾಗಾಗಿತ್ತು, ಅಕ್ಷರ ಕಾಣುತ್ತಿತ್ತು. ಎಡಗಡೆ ಭಾವನ ದುಂಡು ಅಕ್ಷರ: ಸಿಮೆಂಟು, ಕಬ್ಬಿಣ, ಇಟ್ಟಿಗೆ, ಮರ, ಕೂಲಿ. ಕೆಳಗೆ ಮೊತ್ತ, ಅದರ ಪಕ್ಕದಲ್ಲಿ ಬ್ಯಾಂಕು ಕೊಡುವುದು, ನಡುವೆ ಕಮ್ಮಿ ಬಿದ್ದ ದುಡ್ಡಿಗೆ ಒಂದು ದೊಡ್ಡ ಸುತ್ತು. ಆ ಸುತ್ತು ತುಂಬಿಸಲು ನೀನು ಒಂದೊಂದೇ ಹೊಡೆದುಹಾಕಿದ್ದೀಯ. ಮೇಲಿನ ಬಾಲ್ಕನಿ ಹೊಡೆದಿದೆ. ಮುಂಬಾಗಿಲಿನ ತೇಗ ಹೊಡೆದು ಸಾದಾ ಮರ ಅಂತ ಬರೆದಿದ್ದೀಯ. ಅಡುಗೆಮನೆಯ ಕಪಾಟಿಗೆ ಬಾಗಿಲು ಹೊಡೆದು "ಪರದೆ ಸಾಕು, ಗುಂಡಿ ಹೊಲಿದುಕೊಡ್ತಾಳೆ" ಅಂತ. ನೀನು ಹಗಲಿಡೀ ವರ್ಣಿಸಿದ್ದ ಕಿಟಕಿ ಪಕ್ಕದ ಕಟ್ಟೆ, ಅದೂ ಹೋಗಿದೆ.

ಕೊನೆಯಲ್ಲಿ ಒಂದು ಸಾಲು: ಬೀದಿ ಕಡೆ ರೂಮು, ದೊಡ್ಡ ಕಿಟಕಿ, ಎರಡು ಟ್ಯೂಬ್‌ಲೈಟು, ಇಸ್ತ್ರಿಗೆ ದೊಡ್ಡ ಪ್ಲಗ್ಗು, ಬೇರೆ ಬಾಗಿಲು. ಭಾವ ಕೆಂಪು ಪೆನ್ನಿನಲ್ಲಿ "ಇದು ಬೇಕಾ?" ಅಂತ ಕೇಳಿದ್ದಾರೆ. ಅದರ ಕೆಳಗೆ ನೀನು "ಇದು ಬೇಕು" ಅಂತ ಬರೆದಿದ್ದೀಯ. ಅದರ ಅಡಿಯಲ್ಲಿ ಎರಡು ಗೆರೆ ಎಳೆದಿದ್ದೀಯ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳಿಗೆ ರೂಮಿನ ವಿಷಯ ಮೊದಲೇ ಗೊತ್ತಿತ್ತಂತೆ. ಮೇಜಿನ ಸುಳ್ಳು ಕೇಳಿ ಬೈಯುತ್ತಾಳೆ ಅಂದುಕೊಂಡೆ. ಕನ್ನಡಕ ತೆಗೆದು ನನ್ನನ್ನೇ ನೋಡಿ, "ಹೊಟ್ಟೆಕಿಚ್ಚಿಗೆ ಮಾತ್ರೆ ಸಿಗೋ ಹಾಗಿದ್ರೆ ನಿಂಗೆ ಚಿಕ್ಕಂದಿನಲ್ಲೇ ಕೊಡಿಸ್ತಿದ್ದೆ ಕಣೇ" ಅಂದಳು. ಕನ್ನಡಕ ಮತ್ತೆ ಹಾಕಿಕೊಂಡು, "ಅವಳಿಗೂ ಅರ್ಧ ಕೊಡಿಸ್ಬೇಕಿತ್ತು. ನಿನ್ನ ಕೈಕೆಲಸ ನೋಡಿ ಅವಳೇನು ಕಮ್ಮಿ ಉರ್ಕೊಂಡಿದ್ಲಾ?" ಅಂತಲೂ ಅಂದಳು. ಇದು ನಿಜವಾ? ನಿಜವಾಗಿದ್ದರೆ ನನಗೆ ತುಂಬ ಸಂತೋಷ.

ನನ್ನ ಉರಿ ತಣ್ಣಗಾಯಿತಾ ಅಂತ ಕೇಳಬೇಡ. ಆಗಿಲ್ಲ. ಮೊದಲು ನಿನ್ನ ಮನೆ ಕಂಡು ಉರಿಯುತ್ತಿತ್ತು. ಈಗ, ನನಗೆ ಹೊಟ್ಟೆಕಿಚ್ಚು ಪಡಲೂ ದಾರಿ ಬಿಡದೆ ನೀನು ಇಷ್ಟು ಒಳ್ಳೆಯವಳಾಗಿ ಕೂತಿದ್ದೀಯಲ್ಲ, ಅದನ್ನು ಕಂಡು ಉರಿಯುತ್ತಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಎರಡು ಗೆರೆ ಎಳೆಯುತ್ತಿದ್ದೆನಾ? ಬಾಲ್ಕನಿ ಇಟ್ಟುಕೊಳ್ಳುತ್ತಿದ್ದೆನೇನೋ.

ಈಗ ಕೆಲಸದ ಮಾತು. ಗೋಡೆ ಕಿಟಕಿಯ ಮಟ್ಟಕ್ಕೆ ಬಂದಿದೆಯಂತೆ. ಮಂಗಳವಾರ ಕಿಟಕಿಯ ಚೌಕಟ್ಟು ಕೂರಿಸುತ್ತಾರೆ. ಬೇರೆ ಯಾರದೋ ಮನೆಯ ವಿಷಯ ಅನ್ನುವ ಹಾಗೆ ನಿನ್ನೆ ಮೇಸ್ತ್ರಿಯನ್ನು ಕೇಳಿದೆ, ಕಟ್ಟಿದ ರೂಮನ್ನು ಒಂದಡಿ ಅಗಲ ಮಾಡಬಹುದಾ ಅಂತ. ಆ ಕಡೆ ಬಚ್ಚಲಿನ ಪೈಪು ಹಾಕಿ ಆಗಿದ್ದರೆ ಅದನ್ನೂ ಕೀಳಬೇಕು, ಗೋಡೆಯನ್ನು ಬುಡದಿಂದ ಒಡೆಯಬೇಕು, "ಅದು ಹೊಲಿಗೆ ಬಿಚ್ಚಿದ ಹಾಗಲ್ಲಮ್ಮ" ಅಂದರು. ಪಟ್ಟಿಯಲ್ಲಿ ಇನ್ನು ಹೊಡೆಯಲು ಉಳಿದಿರುವುದು ನಿನ್ನ ಮಲಗುವ ಕೋಣೆಯ ಕಪಾಟು ಒಂದೇ. ಆದರೂ ಹೇಳುವುದು ನನ್ನ ಕೆಲಸ. ಅಳತೆ ಸುಳ್ಳು. ಮಂಗಳವಾರದ ಒಳಗೆ ನಿಲ್ಲಿಸು. ಬೈಯುವುದಿದ್ದರೆ ಕಾಗದದಲ್ಲಿ ಬೈ, ಫೋನಿನಲ್ಲಿ ಬೇಡ.

ಇಂತಿ ನಿನ್ನ ತಂಗಿ,
ಗುಂಡಿ

ಮರೆತ ಮಾತು, ಸೋಮವಾರ ಬೆಳಗ್ಗೆ:

ಗೋಡೆ ಒಡೆಸಬೇಡ. ಏನನ್ನೂ ನಿಲ್ಲಿಸಬೇಡ. ಏಳು ಗಂಟೆಗೆ ಬಡಗಿಯನ್ನು ಕರೆಸಿದೆ. ಮೇಜನ್ನು ಒಂದಡಿ ಕೊಯ್ಸಿ, ಕಾಲು ಒಳಗೆ ಸರಿಸಿ ಕೂರಿಸಿದೆವು. ಈಗ ಮೂರು ಸಲ ಟೇಪು ಹಿಡಿದೆ: ಆರು ಅಡಿ ಮೂರು ಇಂಚು. ನಾನು ಬರೆದದ್ದು ಇನ್ನು ಸುಳ್ಳಲ್ಲ.

ಯಾವ ಕಡೆ ಕೊಯ್ಲಿ ಅಂತ ಬಡಗಿ ಕೇಳಿದರು. "ಈ ಕಡೆ ಪೂರಾ ಶಾಯಿ ಗಲೀಜು, ಇದನ್ನೇ ತೆಗೆದುಬಿಡ್ಲಾ?" ಅಂದರು. ಅದು ನಿನ್ನ ಕಡೆ. ನೀನು ಏಳರ ಮಗ್ಗಿಯನ್ನು ಏಳೊಂದ್ಲ ಏಳು ಅಂತ ಅಕ್ಷರದಲ್ಲಿ ಬರೆದು, ಅಪ್ಪನಿಂದ ಬೈಸಿಕೊಂಡು, ಅಳಿಸಲಾಗದೆ ಬಿಟ್ಟ ಜಾಗ. ನನ್ನನ್ನು ಶಾಲೆ ಬಿಡಿಸಿದ ಮೇಲೆ, ನೀನು ಶಾಲೆಗೆ ಹೋದ ಹೊತ್ತಿನಲ್ಲಿ ನಾನು ಆ ಕಡೆ ಬಂದು ಕೂತು ಅದರ ಮೇಲೆ ಬೆರಳು ಆಡಿಸುತ್ತಿದ್ದೆ. ಅಕ್ಷರ ಮರೆಯದೆ ಉಳಿದದ್ದು ಹಾಗೆ. ಇದನ್ನು ಅಪ್ಪನಿಗೂ ಹೇಳಿರಲಿಲ್ಲ.

ಅದನ್ನೇ ತೆಗೀರಿ, ತುಂಡು ಮಾತ್ರ ನನಗೆ ಬೇಕು ಅಂದೆ. ಈ ಕಾಗದ ನಿನಗೆ ತಲುಪಿಸಲು ಮೇಸ್ತ್ರಿ ಬಾಗಿಲಲ್ಲಿ ಕಾಯುತ್ತಿದ್ದಾರೆ. ಈ ಸಾಲುಗಳನ್ನು ಆ ತುಂಡನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆದಿದ್ದೇನೆ. ಮೇಜು ನಿನ್ನ ಮನೆಗೆ ಬರುತ್ತದೆ, ನಾನೂ ಬರುತ್ತೇನೆ. ಈ ಒಂದಡಿ ನನ್ನದು, ಕೇಳಬೇಡ.