ಸತ್ತೆವ್ವನ ಹೆಸರಿಗೆ ಒಂದು ರೂಮು

ನವೆಂಬರ್ 4, ಸೋಮವಾರ

ಬೀದಿನಾಯಿ ಮತ್ತೆ ಕುರಿಮರಿ ಹಿಡಿಯಲು ಬಂದಿತ್ತು. ಬಡಿಗೆ ಬೀಸಿ ಸೊಂಟಕ್ಕೆ ಬಿಟ್ಟೆ. ಕುಂಯ್ ಎನ್ನುತ್ತ ಕಬ್ಬಿನೊಳಗೆ ನುಗ್ಗಿತು. ಇನ್ನು ಈ ಕಡೆ ತಲೆ ಹಾಕುವುದಿಲ್ಲ. ಮರಿ ಉಳಿಯಿತು. ಕಿವಿ ಹರಿದಿದೆ, ಅರಿಷಿಣ ಒತ್ತಿದೆ.

ಮಾಯಾಗೆ ಗಂಜಿ ಸೋಸಿ ಕೊಟ್ಟೆ. ಸ್ಟ್ರಾದಲ್ಲಿ ಎಳೆಯುತ್ತಾಳೆ. ದವಡೆಗೆ ತಂತಿ ಬಿಗಿದಿದ್ದಾರೆ ಮಿರಜದ ಡಾಕ್ಟರು. ಬಾಯಿ ತೆರೆಯುವಂತಿಲ್ಲ. ಮೂವತ್ತು ವರ್ಷದ ಮಗಳು ಚೀಪುವುದನ್ನು ನೋಡುತ್ತ ಕುಳಿತರೆ ನನ್ನ ಕೈ ತುರಿಸುತ್ತದೆ.

ದಸರೆಗೆ ಬಂದಿದ್ದ ಅಳಿಯ, ಬಾಳೇಶ. ಮದುವೆಯಾಗಿ ಒಂಬತ್ತು ವರ್ಷ. ಇವಳು ಏನಕ್ಕೋ ನಕ್ಕಳಂತೆ. ತನ್ನನ್ನೇ ನೋಡಿ ನಕ್ಕಳೆಂದು ಮುಷ್ಟಿಯಿಂದ ಬಾಯಿಗೆ. ಮರುದಿನ ಮುಂಬೈ ಗಾಡಿ ಹತ್ತಿದ.

ಇಂದು ಹಿರಿಯರು ಕೂಡಿದ್ದರು. ದುರಗಪ್ಪ ಕಂಬಳಿ ಹಾಸಿಕೊಂಡು ನಡುವೆ.

"ಇನ್ನೊಮ್ಮೆ ಭಂಡಾರ ಎತ್ತಿಸೋಣು ತಂಗಿ. ಚಿಂಚಲಿ ಮಾಯಕ್ಕದೇವಿ ಆಣಿ ಮಾಡ್ಲಿ, ಇನ್ನ ಹೊಡ್ಯಾಂಗಿಲ್ಲ ಅಂತ."

"ಎರಡ ಸಲ ಎತ್ಯಾನಲ್ಲೋ ಅಣ್ಣಾ. ಅದು ದೇವಿ ಭಂಡಾರ. ಪಲ್ಲೆಕ್ಕ ಹಾಕೂ ಅರಿಷಿಣ ಅಂತ ತಿಳದೀರೇನು?"

"ಗಂಡಾ ಹೆಂಡ್ತಿ ಅಂದಮ್ಯಾಲೆ ನಡೀತೈತಿ. ಕಾರ್ತಿಕ ಮುಗೀಲಿ, ತಂತಿ ತಗೀಲಿ. ಆಮ್ಯಾಲ ಮುಂಬೈಗಿ ಕಳಸೂದ."

ಇವರು ತಲೆಯಾಡಿಸಿದರು. ಇವರು ಎಂದರೆ ನನ್ನ ಗಂಡ, ಬಾಳಾಸಾಬ. ಬಾಯಲ್ಲಿ ಹೆಸರು ಹೇಳುವಂತಿಲ್ಲ, ಬರೆಯಲು ಅಡ್ಡಿಯಿಲ್ಲ. ಬಾಳಾಸಾಬ ಹೇಡಿ.

ಮನೆಗೆ ಬಂದ ಮೇಲೆ ತಂಬಿಗೆ ಬೀಸಿ ಒಗೆದೆ. ಇವರ ಹಣೆಗೆ ತಾಗಿತು. ರಕ್ತ ಒರೆಸಿಕೊಂಡು ಸುಮ್ಮನೆ ಊಟಕ್ಕೆ ಕುಳಿತರು. ಅದಕ್ಕೇ ಇನ್ನೂ ಸಿಟ್ಟು.

ನವೆಂಬರ್ 5

ಚಿಂಚಲಿಗೆ ಹೋದೆ, ಒಬ್ಬಳೇ. ಮಾಯಕ್ಕನ ಮುಂದೆ ನಾನೇ ಭಂಡಾರ ಎತ್ತಿದೆ. ಮಗಳನ್ನು ಹೊಡೆದ ಕೈ ಯಾವುದೋ ಅದನ್ನು ಮುರಿಯುತ್ತೇನೆ. ಬಲಗೈ. ಜೀವ ಬೇಡ. ಜೀವ ತೆಗೆದರೆ ಒಮ್ಮೆಗೇ ಮುಗಿಯುತ್ತದೆ. ಕೈ ಹೋದರೆ ದಿನಾ ನೆನಪಾಗುತ್ತದೆ. ಕೈಯಿಲ್ಲದವನ ಮನೆಗೆ ಮಗಳನ್ನು ಕಳಿಸಿ ಎಂದು ದುರಗಪ್ಪನೂ ಹೇಳಲಾರ.

ಪೂಜಾರಿ ಕೇಳಿದ, ಏನು ಬೇಡಿಕೊಂಡಿ ಅವ್ವಾ ಎಂದು. ನಿನಗೇಕೆ ಎಂದೆ.

ಬಾಳೇಶ ದಾದರ್ ಸ್ಟೇಷನ್ ಹತ್ತಿರದ ಒಂದು ಲಾಡ್ಜಿನಲ್ಲಿ ಕೌಂಟರಿಗೆ ಕೂರುತ್ತಾನೆ. ಮಾಯಾ ಇಲ್ಲಿರುವಾಗ ಅಲ್ಲೇ ಮಲಗುತ್ತಾನೆ. ಬೀದಿಯಲ್ಲಿ ಹೊಡೆದರೆ ಹತ್ತು ಜನ ಬಿಡಿಸುತ್ತಾರೆ. ಆ ಲಾಡ್ಜಿನಲ್ಲೇ ಒಂದು ರೂಮು ಹಿಡಿಯುವುದು. ಫ್ಯಾನ್ ತಿರುಗುತ್ತಿಲ್ಲ ಬಾ ಎಂದು ಕರೆಯುವುದು. ಅವನು ತಲೆಯೆತ್ತಿ ಫ್ಯಾನ್ ನೋಡುತ್ತಾನಲ್ಲ— ಅಷ್ಟು ಸಾಕು.

ನವೆಂಬರ್ 8

ರಾಯಬಾಗಕ್ಕೆ ಹೋಗಿ ಬಂದೆ. ಬಸ್ ಸ್ಟ್ಯಾಂಡ್ ಎದುರು ಶಿವರಾಜನ ಆನ್‌ಲೈನ್ ಅಂಗಡಿ. ಅವನ ಮೊಬೈಲಿನಲ್ಲೇ ಎಲ್ಲ ಲಾಡ್ಜೂ ಬರುತ್ತವೆ, ಫೋಟೋ ಸಹಿತ. ಹೆಸರು ಹೇಳಿದೆ, ಹುಡುಕಿ ಕೊಟ್ಟ.

"ಏನ್ ಕಾಕು, ಮುಂಬೈ? ದೇವರ ದರ್ಶನಕ್ಕೇನ್ರಿ?"

"ಹೂಂ. ಪೂಜಾ ಮಾಡೂದೈತಿ."

"ಎಸಿ ಬೇಕೋ, ಸಾದಾ ನಡೀತೈತೋ?"

"ಗ್ವಾಡಿ ದಪ್ಪ ಇರಬೇಕು. ಬಾಜೂದವ್ರಿಗಿ ಕೇಳಬಾರದು."

"ಏನ್ ಕೇಳಬಾರದ್ರಿ?"

"ನನ್ನ ಗೊರಕಿ."

ನಕ್ಕ ಮಗ. ಸಸ್ತಾದಲ್ಲಿ ಸಸ್ತಾ ರೂಮು ಹಿಡಿ ಎಂದೆ. ಕಿಟಕಿ ಇರುವುದಿಲ್ಲ, ಉಸಿರು ಕಟ್ಟುತ್ತದೆ ಎಂದ. ನಾನೇನು ಅಲ್ಲಿ ಸಂಸಾರ ಮಾಡುವುದಿಲ್ಲ ಎಂದೆ. ಕ್ಯಾಮೆರಾ ಎಲ್ಲೆಲ್ಲಿ ಇರುತ್ತದೆ ಎಂದು ಕೇಳಿದಾಗ ಮಾತ್ರ ಮೊಬೈಲಿನಿಂದ ತಲೆಯೆತ್ತಿದ.

"ವಾಪಸ್ ಟಿಕೆಟ್ ಯಾವತ್ತಿಂದ್ ಹಾಕಲ್ರಿ?"

"ಅದರ ಮಾತ ಆಮ್ಯಾಲ."

ಆಧಾರ್ ಕಾರ್ಡ್ ಕೊಟ್ಟೆ. ನನ್ನ ಹೆಸರು ಹಾಕಿದ, ನಮ್ಮ ಮನೆಯ ಫೋನ್ ನಂಬರು ಹಾಕಿದ, ಒತ್ತಿದ. ನವೆಂಬರ್ 29, ಒಂದು ದಿನ. ಮುಗಿಯಿತು. ಸಂತೆಯಲ್ಲಿ ಟಗರು ಮಾರುವುದಕ್ಕಿಂತ ಸುಲಭ.

ನವೆಂಬರ್ 11

ಕೊಡಲಿ ರೈಲಿನಲ್ಲಿ ಒಯ್ಯಲು ಬಿಡುವುದಿಲ್ಲ. ಬಡಿಗೆ ಉದ್ದ. ಅಡಿಕೆ ಕುಟ್ಟುವ ಕಬ್ಬಿಣದ ಗುಂಡು ತೆಗೆದಿಟ್ಟಿದ್ದೇನೆ. ಪೊಲೀಸ ಕೇಳಿದರೆ ಬಾಯಿ ತೆರೆದು ತೋರಿಸುತ್ತೇನೆ, ಹಲ್ಲಿಲ್ಲದ ಮುದುಕಿ, ಎಲೆ ಅಡಿಕೆ ಕುಟ್ಟಿಕೊಳ್ಳುತ್ತಾಳೆ.

ಮೊನ್ನೆ ಕೊಯ್ದ ಟಗರಿನ ಮುಂಗಾಲು ಇಟ್ಟುಕೊಂಡಿದ್ದೆ. ಹಟ್ಟಿಯ ಹಿಂದೆ ಕಲ್ಲಿನ ಮೇಲಿಟ್ಟು ಹೊಡೆದು ನೋಡಿದೆ. ಮೊದಲ ಏಟಿಗೆ ಜಾರಿತು. ಹಿಡಿದು ಹೊಡೆದೆ— ಬಿರುಕು. ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಬಿಟ್ಟು ಹೊಡೆದರೆ ಒಂದೇ ಏಟು. ಎರಡು ಎಲುಬೂ ಹೋಗುತ್ತವೆ. ಮನುಷ್ಯನ ಎಲುಬು ಅದಕ್ಕಿಂತ ಗಟ್ಟಿಯೇನಲ್ಲ.

ಮಾಯಾ ದೂರದಿಂದ ನೋಡುತ್ತಿದ್ದಳು. ಕೈ ಸನ್ನೆಯಿಂದ ಏನು ಎಂದು ಕೇಳಿದಳು. ನಾಯಿಗೆ ಎಲುಬು ಎಂದೆ.

ನವೆಂಬರ್ 14, ಮಧ್ಯಾಹ್ನ

ಕೆಟ್ಟಿತು.

ಇವರ ಫೋನಿಗೆ ಬಾಳೇಶನ ಕರೆ. ಇವರು ಸ್ಪೀಕರಿಗೆ ಹಾಕಿದರು. ಮಾಯಾ ಅಲ್ಲೇ ರೊಟ್ಟಿ ಹಿಟ್ಟು ನಾದುತ್ತಿದ್ದಳು.

"ಅತ್ತಿ, ನಮಸ್ಕಾರ್ರಿ. ಬುಕಿಂಗ್ ನೋಡಾಕತ್ತಿದ್ನಿ, ಸತ್ತೆವ್ವ ಬಾಳಾಸಾಬ ಅಂತ ಹೆಸರು ಬಂತ್ರಿ. ಕಣ್ಣಾಗ ನೀರು ಬಂತು ನನಗ."

ಹೆಸರು ಮೊದಲು ಅವನ ಕೈಗೇ ಹೋಗುತ್ತದೆ ಎಂದು ಈ ಮುದಿ ತಲೆಗೆ ಹೊಳೆಯಲೇ ಇಲ್ಲ. ನಮ್ಮ ಸಂತೆಯಲ್ಲಿ ಯಾರ ಕುರಿ ಎಂದು ಮೊದಲು ಹೇಳಿಯೇ ವ್ಯಾಪಾರ. ಅದೇ ರೂಢಿ.

"ಹಿರ್ಯಾರು ಹೇಳೂಕಿಂತ ಮೊದಲ ನೀವ ಮಾಯಾನ್ ಕರಕೊಂಡ ಬರಾಕತ್ತೀರಿ. ಅತ್ತಿ ಅಂದ್ರ ಹಿಂಗಿರಬೇಕು. ಅಕೀ ಹೆಸರೂ ಹಾಕ್ತೀನ್ರಿ ರೂಮಿಗಿ. ಬರ್ತೀರಿಲ್ಲೋ, ಇಬ್ರೂ?"

ಇಲ್ಲ ಎಂದರೆ ಮತ್ತೆ ಯಾಕೆ ಬರುತ್ತೀರಿ ಎನ್ನುತ್ತಾನೆ.

"ಹೂಂ," ಎಂದೆ.

ಇವರು ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡರು. "ನೋಡಬೇ ಮಾಯಾ, ನಿಮ್ಮವ್ವನ ಸಿಟ್ಟೆಲ್ಲಾ ಬಾಯಾಗಷ್ಟ. ತಾನ ನಿನ್ನ ಬಿಟ್ಟ ಬರಾಕ ರೂಮ್ ಹಿಡದಾಳ."

ಮಾಯಾ ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದಳು. ಇವರ ಮುಂದೆ ಏನನ್ನೂ ಬಿಡಿಸಿ ಹೇಳುವಂತಿಲ್ಲ, ಹೇಳಿದರೆ ಊರೆಲ್ಲ ಡಂಗುರ. ಸಂಜೆ ಹಟ್ಟಿಯಲ್ಲಿ ಒಬ್ಬಳೇ ಸಿಕ್ಕಾಗ ಹೇಳುತ್ತೇ—

ನವೆಂಬರ್ 22

ಎಡಗೈ ಬರಹ. ಅಕ್ಷರ ಕುರಿ ತುಳಿದಂತೆ. ಇರಲಿ.

ಅಂದು ಬರೆಯುತ್ತಿದ್ದಾಗ ಇವರು ಕರೆದರು, ಪುಸ್ತಕ ಮುಚ್ಚಿಟ್ಟೆ. ಸಂಜೆ ಬಗ್ಗಿ ಆಡಿನ ಗೊರಸು ನೋಡುತ್ತಿದ್ದೆ. ಹಿಂದಿನಿಂದ ಹೆಜ್ಜೆ. ಮಾಯಾ ಎಂದುಕೊಂಡು ತಿರುಗಿ ಬಾಯಿ ತೆರೆದೆ. ಬಡಿಗೆ ಬೀಳುವುದು ಕಂಡು ಬಲಗೈ ಅಡ್ಡ ಹಿಡಿದೆ. ಚಟ್ಟೆಂದಿತು. ನನಗೆ ಆ ಸದ್ದು ಪರಿಚಯ. ಕೆಳಗೆ ಬಿದ್ದೆ. ಇನ್ನೊಂದು ಏಟು ಬೆನ್ನಿಗೆ. ಮತ್ತೊಂದು. ಕಟ್ಟಿದ ಹಲ್ಲಿನ ನಡುವಿನಿಂದ ಮಾಯಾಳ ಗಂಟಲು ಊಳಿಡುತ್ತಿತ್ತು. ಕುರಿಗಳು ಬೆದರಿ ಒಂದರ ಮೇಲೊಂದು.

ಇವರು ಓಡಿ ಬಂದು ಹಿಡಿದುಕೊಂಡರು. ಇವರಿಗೂ ಒಂದು ಬಿತ್ತು.

ಮಿರಜಕ್ಕೆ ಒಂದೇ ಗಾಡಿಯಲ್ಲಿ ಮೂವರೂ. ಡಾಕ್ಟರು ನನ್ನ ಕೈ ನೋಡಿದರು, ಅವಳ ದವಡೆ ನೋಡಿದರು, ಇವರ ಹಣೆಯ ಮೇಲಿನ ಹಳೇ ಗಾಯ ನೋಡಿದರು.

"ನಿಮ್ಮ ಮನ್ಯಾಗೇನ್ ಕುಸ್ತಿ ಮೈದಾನ ಐತೇನ್ರಿ?"

ನನಗೆ ಪ್ಲಾಸ್ಟರ್ ಹಾಕಿದರು. ಬಂದೇ ಬಂದಿದ್ದೀರಿ ಎಂದು ಅವಳ ತಂತಿಯನ್ನೂ ತೆಗೆದರು. ಹೇಗೆ ಬಿದ್ದಿರಿ ಎಂದು ಕೇಳಿದ್ದಕ್ಕೆ ಟಗರು ಹಾಯಿತು ಎಂದೆ.

ಹೊರಗೆ ಬೆಂಚಿನ ಮೇಲೆ ಎಲ್ಲ ಹೇಳಿದೆ ಅವಳಿಗೆ. "ಹುಚ್ಚಿ. ನಿನ್ನ ಬಿಟ್ಟ ಬರಾಕ ಅಲ್ಲ. ಅವನ ಕೈ ಮುರಿಯಾಕ ಹಿಡದ ರೂಮು ಅದು."

ಅವಳು ನನ್ನ ಪ್ಲಾಸ್ಟರ್ ಮೇಲೆ ಹಣೆ ಇಟ್ಟಳು. ನೋವಿಗೆ ಕಣ್ಣು ಕತ್ತಲಾದರೂ ಸರಿಸಲಿಲ್ಲ. ಅಳುತ್ತಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ.

ಬೈಯಬೇಕೆಂದು ಎಷ್ಟು ಹುಡುಕಿದರೂ ಸಿಟ್ಟು ಸಿಗಲಿಲ್ಲ. "ಇಂಥಾ ಏಟು ಒಂಬತ್ತ ವರ್ಷ ಎಲ್ಲಿ ಮುಚ್ಚಿಟ್ಟಿದ್ದೆಬೇ?" ಎಂದೆ.

"ನನಗೂ ಗೊತ್ತಿರಲಿಲ್ಲ ಯವ್ವಾ," ಎಂದಳು. ಬಾಯಿ ಬಿಚ್ಚಿದ ಮೇಲೆ ಅದೇ ಮೊದಲ ಮಾತು.

ನವೆಂಬರ್ 25

ಮಾಯಾ ನಾನೂ ಮುಂಬೈಗೆ ಬರುತ್ತೇನೆ ಎನ್ನುತ್ತಾಳೆ.

ಬೇಡ ಎಂದೆ. ನನ್ನ ಕೈ ಕೂಡಲಿ, ಬೇರೆ ದಿನ ನೋಡೋಣ. ಅವಳದು ಒಂದೇ ಹಟ.

"ಕಾರ್ತಿಕ ಮುಗದ ಮರುದಿನ ಹಿರ್ಯಾರು ಕಳಸ್ತಾರ. ಅವರು ಕಳಸಿದ್ರ ಬಾಯಿ ಮುಚ್ಚಕೊಂಡ ಇರಬೇಕಾಗ್ತೈತಿ. ನಾನಾಗೇ ಹ್ವಾದ್ರ ಹಂಗಲ್ಲ."

"ಹೋಗಿ ಏನ್ ಮಾಡ್ತಿ?"

ಬಾಗಿಲಿಗೆ ಒರಗಿ ಕಡಲೆ ಅಗಿಯುತ್ತಿದ್ದಳು, ಒಂದೊಂದೇ, ದವಡೆ ಪರೀಕ್ಷೆ ಮಾಡುವವಳಂತೆ.

ಹೆದರಿಕೆ ಆಯಿತು. ಬರೆದೇ ಬಿಡುತ್ತೇನೆ. ನನಗೆ ಎಲ್ಲಿ ಹೊಡೆದರೆ ಏನು ಮುರಿಯುತ್ತದೆ ಗೊತ್ತು, ಎಲ್ಲಿ ನಿಲ್ಲಿಸಬೇಕೆಂದೂ ಗೊತ್ತು. ಇವಳಿಗೆ ನಿಲ್ಲಿಸುವುದು ಗೊತ್ತಿಲ್ಲ. ಬಿದ್ದವಳ ಬೆನ್ನಿಗೆ ಎರಡು ಕೊಟ್ಟವಳು. ಆ ಏಟು ತಲೆಗೆ ಬಿದ್ದರೆ ಅವನು ಸುಡುಗಾಡಿಗೆ, ಇವಳು ಜೈಲಿಗೆ. ಅವನು ಸತ್ತರೆ ಸಾಯಲಿ. ಮಗಳನ್ನು ಕೊಡಲಾರೆ, ಅವನಿಗೂ ಇಲ್ಲ, ಜೈಲಿಗೂ ಇಲ್ಲ.

ಶಿವರಾಜನಿಗೆ ಫೋನ್ ಮಾಡಿದೆ, ಕ್ಯಾನ್ಸಲ್ ಮಾಡು ಎಂದು.

"ನಿನ್ನೀನ ನಿಮ್ಮ ಮಗಳು ಫೋನ್ ಮಾಡಿದ್ರಲ್ರಿ ಕಾಕು. ಎರಡ ಟಿಕೆಟ್ ತಗಸ್ಯಾರ. ವಾಪಸ್ ಬರೂದೂ ತಗಸ್ಯಾರ, ಎರಡ."

ವಾಪಸ್ಸು ಎರಡು. ಅದೊಂದೇ ಸಮಾಧಾನ.

ನವೆಂಬರ್ 27

ಅಡಿಕೆ ಗುಂಡು ಬಾವಿಗೆ ಹಾಕಿದೆ. ಈಳಿಗೆ, ಕತ್ತರಿ ಎಲ್ಲ ತವರಿನ ಟ್ರಂಕಿನಲ್ಲಿ ಹಾಕಿ ಬೀಗ. ಅವಳ ಚೀಲ ತಡವಿ ನೋಡಿದೆ. ಎರಡು ಸೀರೆ, ಟವೆಲ್ಲು, ಚುರಮುರಿ. ಮತ್ತೇನಿಲ್ಲ.

ಭಂಡಾರ ಎತ್ತಿದವಳು ನಾನು. ಆಣೆ ಮುರಿದದ್ದಕ್ಕೆ ಮಾಯಕ್ಕ ನನ್ನನ್ನು ಕೇಳಲಿ.

ಇವರು ದಾರಿಗೆಂದು ಹೋಳಿಗೆ ಮಾಡಿಸಿದ್ದಾರೆ. ಅಳಿಯನಿಗೆ ಕೊಡಿರೆಂದು ಹೊಸ ಟವೆಲ್ಲು, ಟೋಪಿ. ಟೋಪಿ ಒಲೆಗೆ ಹಾಕಿದೆ.

ನವೆಂಬರ್ 29, ಮಧ್ಯಾಹ್ನ 12, ದಾದರ್

ರೂಮು. ಮೂರನೇ ಮಾಳಿಗೆ. ಅಳಿಯ ಕಿಟಕಿ ಇರುವುದನ್ನೇ ಕೊಟ್ಟಿದ್ದಾನೆ, ಕೆಳಗೆ ಹೂವಿನ ಮಾರ್ಕೆಟ್ಟು, ಜನವೋ ಜನ. ಮಂಚ ಹೊರಳಿದರೆ ಕಿರುಗುಟ್ಟುತ್ತದೆ. ಗೋಡೆ ಹಲಗೆಯದು, ಬಾಜೂದವನು ಕೆಮ್ಮುವುದು ಕೇಳುತ್ತದೆ. ಶಿವರಾಜನ ಮುಸುಡಿಗೆ ಒಂದು ಕೊಡಬೇಕು.

ಸ್ಟೇಷನ್ನಿಗೆ ಬಂದಿದ್ದ ಬಾಳೇಶ. ಕಾಲಿಗೆ ಬಿದ್ದ. ಚೀಲ ತಾನೇ ಹೊತ್ತ. ಇಸ್ತ್ರಿ ಅಂಗಿ, ಸೆಂಟು. ಆಮೇಲೆ ಪ್ಲಾಸ್ಟರ್ ಕಂಡ.

"ಅಯ್ಯ, ಅತ್ತಿ, ಯಾರು ಮುರದ್ರು ಇದನ್ನ?"

ಟಗರು ಎಂದು ಹೇಳುವವಳಿದ್ದೆ. ಮಾಯಾ ಮೊದಲು ಹೇಳಿದಳು.

"ನಾನು."

ನಕ್ಕ. ನಮ್ಮಿಬ್ಬರನ್ನೂ ನೋಡಿ ಇನ್ನೊಮ್ಮೆ ನಕ್ಕ. ನಾನು ನಗಲಿಲ್ಲ. ಅವಳೂ ನಗಲಿಲ್ಲ. ಅವನ ನಗು ಹಾಗೇ ಮುಖದ ಮೇಲೆ ಉಳಿಯಿತು, ತೆಗೆಯಲು ಮರೆತವನಂತೆ. ಆಮೇಲೆ ದಾರಿಯುದ್ದಕ್ಕೂ ಅವಳಿಂದ ಎರಡು ಹೆಜ್ಜೆ ದೂರ ನಡೆದ.

ರೂಮಿನ ಬಾಗಿಲಲ್ಲಿ ಚೀಲ ಇಟ್ಟು ನಿಂತ.

"ಒಳಗ ಬಾ," ಅಂದಳು ಮಾಯಾ. "ಬಾಗಲಾ ಹಾಕು."

ಒಂಬತ್ತು ವರ್ಷ ಬಾಗಿಲು ಹಾಕಿ ಹೊಡೆದವನು. ಹೊಸ್ತಿಲು ದಾಟಲಿಲ್ಲ. ಕೌಂಟರಿನಲ್ಲಿ ಯಾರೂ ಇಲ್ಲ ಎಂದು ಇಳಿದು ಹೋದ. ಚಹಾ ಬೇರೆಯವನ ಕೈಯಲ್ಲಿ ಕಳಿಸಿದ.

ಅಷ್ಟು ಸಾಕು ಮಗಾ, ಎಂದೆ. ನೋಡಿದೆಯಲ್ಲ, ಹೆದರಿದ. ಹೆದರಿದವನು ಇನ್ನು ಮುಟ್ಟುವುದಿಲ್ಲ, ನಡೆ ಹೋಗೋಣ. ಅವಳು ಚಹಾ ಕುಡಿದಳು.

"ಹೆದರಿದಾವ ನಾಳಿಗಿ ಸಿಟ್ಟಿಗೇಳ್ತಾನ ಯವ್ವಾ. ನನಗ ಗೊತ್ತೈತಿ ಅವನ ಸ್ವಭಾವ."

12.40

ಸ್ನಾನಕ್ಕೆ ಬಿಸಿನೀರು ಕೇಳಿ ಬರುತ್ತೇನೆ ಎಂದು ಹೊರಟಳು. ಬಾಗಿಲು ಎಳೆದ ಮೇಲೆ ಹೊರಗಿನಿಂದ ಚಿಲಕ ಬಿದ್ದ ಸದ್ದು. ತಳ್ಳಿದೆ. ಬರುತ್ತಿಲ್ಲ. ಎಡಗೈಯಿಂದ ಬಡಿದೆ, ಒದ್ದೆ, ಕೂಗಿದೆ. ಬಾಜೂದವನು ಗಪ್ ಬಸಾ, ಸುಮ್ಮನಿರು, ಎಂದು ಬೈದ.

ಕುಳಿತಿದ್ದೇನೆ. ಬರೆಯದಿದ್ದರೆ ಹುಚ್ಚು ಹಿಡಿಯುತ್ತದೆ. ಬರಿಗೈಯಲ್ಲಿ ಹೋಗಿದ್ದಾಳೆ. ಬರಿಗೈ. ಮಾಯಕ್ಕಾ, ತಲೆ ಬೇಡ. ತಲೆ ಬೇಡ ತಾಯೀ.

ಕೆಳಗೆ ಏನೋ ಬಿತ್ತು. ಗಾಜು. ಗಂಡಸಿನ ಕೂಗು. ಅವನದೇ. ಇನ್ನೊಮ್ಮೆ ಕೂಗಿದ— ಜೀವ ಇದೆ, ಜೀವ ಇದೆ. ಓಡಾಟ. ಮೆಟ್ಟಿಲಲ್ಲಿ ಯಾರೋ ಮರಾಠಿಯಲ್ಲಿ, "ಹಾತ್ ಮೋಡ್ಲಾ ರೇ ತ್ಯಾಚಾ, ಹಾತ್." ಕೈ. ಕೈ ಮುರಿಯಿತಂತೆ. ಕೈಯಷ್ಟೇ.

ನಿಲ್ಲಿಸಿದಳು. ನಿಲ್ಲಿಸುವುದು ಗೊತ್ತಿದೆ ಅವಳಿಗೆ.

ಮೇಲೆ ಬರುವ ಹೆಜ್ಜೆ. ಓಡುತ್ತಿಲ್ಲ. ಮಾಯಾಳದೇ. ಚೀಲ ಹೆಗಲಿಗೆ ಹಾಕಿಕೊಂಡೆ, ಚಪ್ಪಲಿ ಎಲ್ಲಿ? ಚಿಲಕ ಸರಿಯಿತು.